ಯಜಮಾನರ ಪುಣ್ಯ, ನನ್ನ ಹೆಗಲು

ಅರವಟ್ಟಿಗೆ ಎಂದ ಕೂಡಲೇ ಈಗಿನವರು ಕಣ್ಣರಳಿಸಿ, ‘ಎಂಥಾ ಪುಣ್ಯದ ಕೆಲಸ’ ಎನ್ನುತ್ತಾರೆ. ಬಿಸಿಲಲ್ಲಿ ನಡೆದು ಬಂದವರಿಗೆ ನೀರು, ಮಜ್ಜಿಗೆ ಕೊಡುವ ಚಪ್ಪರ, ಪುಣ್ಯವಲ್ಲದೆ ಇನ್ನೇನು? ಆ ಪುಣ್ಯ ಯಾರಿಗೆ ಸೇರುತ್ತಿತ್ತು, ನೀರು ಯಾರ ಹೆಗಲ ಮೇಲೆ ಬರುತ್ತಿತ್ತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ನನ್ನ ಮೊದಲ ನೌಕರಿಯೇ ಅದು.

ಮೂವತ್ತರ ದಶಕದ ನಡುವಿನ ಒಂದು ಬೇಸಿಗೆ. ಮಳವಳ್ಳಿಯಲ್ಲಿ ಮಿಡಲ್ ಸ್ಕೂಲು ಮುಗಿಸಿದ್ದೆ. ಹೈಸ್ಕೂಲಿಗೆ ಮಂಡ್ಯಕ್ಕೆ ಹೋಗಬೇಕು, ಅಲ್ಲಿ ಉಣ್ಣಲು ಮಲಗಲು ಒಂದು ಮನೆ ಬೇಕು. ನಮ್ಮಪ್ಪ ಒಂದು ಪುಟ್ಟ ಗುಡಿಯ ಅರ್ಚಕರು. ಆ ಗುಡಿಯ ಧರ್ಮದರ್ಶಿಯೇ ಊರಿನ ದೊಡ್ಡ ಜಮೀನುದಾರರು, ನಮ್ಮ ಜಾತಿಯವರೇ, ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಮಂಡ್ಯದಲ್ಲಿ ಅವರ ತಮ್ಮನ ಮನೆಯಿತ್ತು. “ಮದ್ದೂರು ರಸ್ತೆಯಲ್ಲಿ ನನ್ನ ಅರವಟ್ಟಿಗೆ ಇದೆಯಲ್ಲ, ಮಳೆ ಹಿಡಿಯೋವರೆಗೂ ಹುಡುಗ ಅದನ್ನ ನೋಡಿಕೊಳ್ಳಲಿ. ಒಂದು ದೂರೂ ಬರಕೂಡದು. ಆಮೇಲೆ ಮಂಡ್ಯದ ವಿಚಾರ ನನಗೆ ಬಿಡಿ,” ಎಂದರು. ಅಪ್ಪ ಕೈಮುಗಿದರು. ಆ ಕೆಲಸಕ್ಕೆ ನನ್ನಲ್ಲಿದ್ದ ಯೋಗ್ಯತೆ ಒಂದೇ, ನಾನು ಬ್ರಾಹ್ಮಣರ ಹುಡುಗ. ನಾನು ಸೇದಿ ನಾನೇ ಹೊತ್ತು ತಂದ ನೀರನ್ನು ಎಲ್ಲ ಜಾತಿಯವರೂ ಕುಡಿಯಬಹುದು. ಬೇರೆ ಯಾರ ಕೈ ಸೋಕಿದರೂ ನಮ್ಮವರು ಮುಟ್ಟುವುದಿಲ್ಲ.

ಯುಗಾದಿಯ ದಿನ ಯಜಮಾನರು ವಾಲಗದೊಡನೆ ಬಂದು, ಹೊಂಗೆ ಮರಗಳ ಕೆಳಗಿನ ಚಪ್ಪರದಲ್ಲಿ ಪೂಜೆ ಮಾಡಿಸಿ, ಮೊದಲ ತಂಬಿಗೆ ಪಾನಕ ತಾವೇ ಹಂಚಿ, ಜೈಕಾರ ಹಾಕಿಸಿಕೊಂಡು ಹೊರಟುಹೋದರು. ಉಳಿದದ್ದು ನಾನು, ಆಳೆತ್ತರದ ಗುಡಾಣಗಳು, ಹೊಲಗಳಾಚೆ ಇದ್ದ ಗೌಡರ ಬಾವಿ. ಹೆಗಲ ಮೇಲೆ ಕೊಡ ಇಟ್ಟು ಕಾದ ದಾರಿಯಲ್ಲಿ ಬರಿಗಾಲಲ್ಲಿ ಓಡಬೇಕು. ನಾನು ತಂದು ಸುರಿಯುವುದರೊಳಗೆ ಹಿಂದೆ ಸುರಿದದ್ದು ಖಾಲಿಯಾಗಿರುತ್ತಿತ್ತು. ದಿನಕ್ಕೊಂದು ಸಲ ಮಳವಳ್ಳಿ ಬಸ್ಸು ಬಂದು ನಿಲ್ಲುತ್ತಿತ್ತು. ಜನ ಕುಡಿದದ್ದು ಸಾಲದೆಂದು ಡ್ರೈವರು ಇಂಜಿನ್ನಿಗೂ ಎರಡು ಕೊಡ ಹೊಯ್ದುಕೊಂಡು, ‘ಇಷ್ಟೇನಾ’ ಎನ್ನುವಂತೆ ನನ್ನ ಮುಖ ನೋಡುತ್ತಿದ್ದ. ಅವನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಚಪ್ಪರದ ಪಕ್ಕದ ಕವೆಗೋಲಿಗೆ ಸೀಳಿದ ಬಿದಿರಿನ ದೋಣಿಯೊಂದನ್ನು ಕಟ್ಟಿದ್ದರು. ಮುಟ್ಟಬಾರದವರೆಂದು ಊರ ಹೊರಗಿಟ್ಟಿದ್ದ ಹೊರಗೇರಿಯವರು ಬಂದರೆ ಅವರು ಆ ತುದಿಯಲ್ಲಿ ಬೊಗಸೆ ಹಿಡಿದು ಕೂರಬೇಕು, ನಾನು ಈ ತುದಿಯಲ್ಲಿ ನೀರು ಬಿಡಬೇಕು. ಅರ್ಧ ನೀರು ಮಣ್ಣಿಗೆ. ಹೆಗಲು ಕಿತ್ತುಹೋಗುವಂತೆ ತಂದ ನೀರು ನೆಲಕ್ಕೆ ಹರಿಯುವುದನ್ನು ನೋಡಿ ನನಗೆ ಮೊದಲು ಕೋಪ ಬಂದದ್ದು ಆ ನೀರಿನ ಸಲುವಾಗಿಯೇ ಹೊರತು ಕುಡಿಯುವವರ ಸಲುವಾಗಿ ಅಲ್ಲ.

ಬಾವಿಯ ಒಡತಿ ಗೌಡತಮ್ಮ ನನ್ನ ಪಾಡು ದಿನವೂ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ, “ಆ ಎಗ್ಲು ನೋಡ್ಕಳಿ ಅಯ್ನೋರೆ, ಕೊಳ್ತೋಗದೆ. ನನ್ ಸೊಸೆದೀರು ಸುಮ್ಕೆ ಕುಂತವ್ರೆ, ಒಂದೀಟು ಒತ್ಕೊಂಡ್ ಬತ್ತಾರೆ ಬುಡಿ,” ಎಂದಳು.

“ಬೇಡಿ ಗೌಡತಮ್ಮ, ಯಜಮಾನರು ಒಪ್ಪುವುದಿಲ್ಲ,” ಎಂದೆ.

“ನಿಮ್ಮ ಯಜಮಾನ್ರು ಒಂದ್ ದಪ ಕೊಡ ಒತ್ತು ನೋಡ್ಲಿ, ಆಮೇಕೆ ಒಪ್ತಾರೆ,” ಎಂದು ಅವಳು ಎಮ್ಮೆ ಹೊಡೆದುಕೊಂಡು ಹೋದಳು.

ಹೀಗಿರುವಾಗ ಬಿಸಿಲು ನೆತ್ತಿ ಸುಡುವ ತಿಂಗಳಲ್ಲಿ ಒಂದು ಸಂತೆಯ ದಿನ ಬಂತು. ಮಳವಳ್ಳಿ ಕಡೆಗೆ ಗಾಡಿಗಳ ಸಾಲು, ತಲೆಹೊರೆಯ ಹೆಂಗಸರು, ಕಂಕುಳಲ್ಲಿ ಕೂಸುಗಳು. ಹೊತ್ತು ಮಾರು ಏರುವ ಮೊದಲೇ ಗುಡಾಣಗಳ ತಳ ಕಂಡಿತು. ನಾನು ಓಡಿ ಒಂದು ಕೊಡ ತಂದರೆ ಇಪ್ಪತ್ತು ಕೈಗಳು ಚಾಚಿಕೊಂಡಿದ್ದವು. ಒಬ್ಬ ಗಾಡಿಯವನು, “ಇದೇನ್ ದರ್ಮಾನೋ, ತಟುಕು ತಟುಕು ಬುಡ್ತಾವ್ನೆ,” ಎಂದ. ಸುತ್ತಲಿದ್ದವರು ನಕ್ಕರು.

ನನಗೆ ಎಲ್ಲಿತ್ತೋ ಸಿಟ್ಟು. ಕೊಡವನ್ನು ಅವನ ಕೈಗೆ ತುರುಕಿ, “ನೀರು ಬೇಕಾದವರೆಲ್ಲ ಬಾವಿಯವರೆಗೂ ಸಾಲು ನಿಲ್ಲಿ. ನಿಲ್ಲದವರಿಗೆ ನೀರಿಲ್ಲ,” ಎಂದು ಕೂಗಿದೆ. ಇದನ್ನು ಮುಂದಾಲೋಚನೆ, ಸಾಹಸ ಎಂದೆಲ್ಲ ಕರೆಯಬೇಡಿ, ಸಿಟ್ಟು ಅಷ್ಟೆ. ಮೊದಮೊದಲು ಎಲ್ಲರೂ ಗಾಡಿಗಳಲ್ಲಿದ್ದ ಕೊಡ, ಮಡಕೆ ಹಿಡಿದು ಓಡಾಡಿ, ಡಿಕ್ಕಿ ಹೊಡೆದು, ಎರಡು ಮಡಕೆ ಒಡೆದರು. ಮಳೆಗಾಲಕ್ಕೆ ಮುಂಚೆ ಸೂರಿಗೆ ಹೆಂಚು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಅದು ನೆನಪಾಗಿ, ನಿಂತಲ್ಲೇ ನಿಂತು ದಾಟಿಸಿ ಎಂದೆ. ತುಂಬಿದ ಕೊಡ ಒಂದು ಕಡೆಯಿಂದ, ಖಾಲಿ ಕೊಡ ಇನ್ನೊಂದು ಕಡೆಯಿಂದ. ಗೌಡತಮ್ಮ ಸೊಸೆಯರೊಂದಿಗೆ ಬಾವಿಯ ಹತ್ತಿರ ನಿಂತಳು. ನಕ್ಕಿದ್ದ ಗಾಡಿಯವನೇ, “ಸರ್ಯಾಗಿ ಇಡ್ಕಳ್ಲಾ,” ಎಂದು ಬೇರೆಯವರನ್ನು ಗದರಿಸತೊಡಗಿದ.

ಆದರೆ ಕೊಡದಲ್ಲಿ ಸೇದುವುದು ನಿಧಾನ, ಸಾಲು ಕೈಕಟ್ಟಿ ಕಾಯಬೇಕಾಯಿತು. ಬಾವಿಗೆ ಕಪಿಲೆಯಿತ್ತು. ಎತ್ತು ಕಟ್ಟಿ ಎಳೆದರೆ ದೊಡ್ಡ ತೊಗಲಿನ ಚೀಲದಲ್ಲಿ ನೀರು ಬಂದು ತೊಟ್ಟಿಗೆ ಸುರಿಯುತ್ತದೆ. ಆ ಚೀಲವೇ ಹರಿದು ಮೂಲೆಯಲ್ಲಿ ಬಿದ್ದಿತ್ತು. ಗೌಡತಮ್ಮ ಹೇಳಿಕಳಿಸಿ ಕರೆಸಿದ್ದು ಬಿದಿರು ದೋಣಿಯ ಬಳಿ ಬೆಳಗ್ಗಿನಿಂದ ಕುಕ್ಕರಗಾಲಲ್ಲಿ ಕಾಯುತ್ತಿದ್ದ ಒಬ್ಬ ಮುದುಕನನ್ನು. ಚೀಲ ಮೊದಲಿಗೆ ಹೊಲಿದವನೂ ಅವನೇ ಅಂತೆ. ಸಾಲಿನವರು ಅವನಿಗೆ ತಾಗದಂತೆ ಸರಿದು ದಾರಿ ಬಿಟ್ಟರು. ಅವನು ಸಂಚಿಯಿಂದ ದಬ್ಬಳ ತೆಗೆದು, ದಾರವನ್ನು ಹಲ್ಲಲ್ಲಿ ಕಚ್ಚಿ ಎಳೆದು, ತೊಡೆಯ ಮೇಲಿಟ್ಟುಕೊಂಡು ಚೀಲ ಹೊಲಿದುಕೊಟ್ಟ. ಚೀಲ ಬಾವಿಗಿಳಿಯಿತು. ತೊಟ್ಟಿ ತುಂಬಿತು. ಕೊಡಗಳು ಬಿಡುವಿಲ್ಲದೆ ಬಂದವು. ಮುದುಕ ಹೋಗಿ ತನ್ನ ಜಾಗದಲ್ಲಿ ಮತ್ತೆ ಕುಳಿತ.

ಅಷ್ಟರಲ್ಲಿ ಮದ್ದೂರು ಕಡೆಯಿಂದ ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರ ಮೋಟಾರು ಬಂತು, ಜೊತೆಗೆ ನಮ್ಮ ಯಜಮಾನರು. ಅಮಲ್ದಾರರೂ ನಮ್ಮವರೇ. ಸಾಲು ನೋಡಿ ಖುಷಿಯಾಗಿ, ಯಾವ ಯೋಚನೆಯೂ ಇಲ್ಲದೆ ಗಿಂಡಿಯೆತ್ತಿ ಕುಡಿದರು. ಅವರು ಕುಡಿದ ಮೇಲೆ ಯಜಮಾನರು ಒಲ್ಲೆ ಎನ್ನುವುದು ಹೇಗೆ? ಅವರೂ ಎರಡು ಗಿಂಡಿ ಇಳಿಸಿದರು. “ಬಹಳ ಒಳ್ಳೇ ಏರ್ಪಾಡು ಮಾಡಿಸಿದೀರಿ,” ಎಂದರು ಅಮಲ್ದಾರರು. “ಏನೋ, ನಮ್ಮ ಕೈಲಾದ ಸೇವೆ,” ಎಂದು ಯಜಮಾನರು ಶಲ್ಯ ಸರಿಮಾಡಿಕೊಂಡರು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಮೋಟಾರು ಹೋಯಿತು. ಸಾಲಿನವರೆಲ್ಲ ಕುಡಿದು, ಎತ್ತುಗಳಿಗೂ ಕುಡಿಸಿ ಹೊರಟರು. ಮುದುಕ ಇನ್ನೂ ಕುಳಿತೇ ಇದ್ದ. ಅವನು ಹೊಲಿದ ಚೀಲದ ನೀರನ್ನು ಊರೆಲ್ಲ ಕುಡಿಯಿತು, ಅವನ ಗಂಟಲು ಮಾತ್ರ ಒಣಗಿತ್ತು. ಇದನ್ನು ನೋಡಿಯೂ ಸುಮ್ಮನಿರಲು ನನ್ನಿಂದಾಗಲಿಲ್ಲ. ಗಿಂಡಿ ತುಂಬಿಕೊಂಡು ಚಪ್ಪರದಿಂದ ಇಳಿದು ಅವನ ಮುಂದೆ ಹೋಗಿ ನಿಂತೆ.

“ಬ್ಯಾಡಿ ಬುದ್ದಿ, ದೋಣೀಲೇ ಬುಡಿ. ನಿಮ್ಗೆ ತೊಂದ್ರೆ ಆಯ್ತದೆ,” ಎಂದ.

“ಕೈ ಹಿಡಿ,” ಎಂದೆ. ಅವನು ಕುಡಿದು ಸಾಕೆನ್ನುವವರೆಗೂ ಬೊಗಸೆಗೆ ಹೊಯ್ದೆ. ಗಿಂಡಿ ಅವನ ಕೈಗೆ ತಾಗಲೂ ಇಲ್ಲ.

ಯಾರೋ ಚಾಡಿ ಹೇಳಿದರು. ಮಾರನೆಯ ದಿನ ಅಪ್ಪನನ್ನೂ ನನ್ನನ್ನೂ ಯಜಮಾನರು ಮನೆಗೆ ಕರೆಸಿದರು. ಜಗಲಿಯ ಮೇಲೆ ಕುಳಿತಿದ್ದರು. ನಾವು ಅಂಗಳದಲ್ಲಿ ನಿಂತೆವು.

“ಗೌಡರು ಕೊಡ ದಾಟಿಸಿದ್ದನ್ನ ನಾನು ಆಪದ್ಧರ್ಮ ಅಂದುಕೊಳ್ತೀನಿ. ಅಮಲ್ದಾರರೇ ಮೆಚ್ಚಿದಾರೆ. ಆದರೆ ದೋಣಿ ಬಿಟ್ಟು ಆ ಮುದುಕನ ಹತ್ತಿರಕ್ಕೇ ಹೋಗಿದ್ದು ಯಾಕೆ? ಆ ಗಿಂಡಿ ಎಸೆದುಬಿಡು. ಪಂಚಗವ್ಯ ತಗೋ. ಇನ್ನು ಹೀಗೆ ಮಾಡಲ್ಲ ಅಂತ ನಿಮ್ಮಪ್ಪನ ಎದುರಿಗೆ ಹೇಳು. ಮಂಡ್ಯದ ಮಾತು ಹಾಗೇ ಇರುತ್ತೆ,” ಎಂದರು.

ಅಪ್ಪ ತಲೆ ತಗ್ಗಿಸಿದ್ದರು. ಹೇಳಿಬಿಡು ಎಂದು ಅವರು ಕಣ್ಣಲ್ಲಿ ಬೇಡಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವರು ನನ್ನ ಕಡೆ ನೋಡಲಿಲ್ಲ. ನನಗೆ ಮಂಡ್ಯ ಬೇಕಿತ್ತು, ಬಹಳ ಬೇಕಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

“ಯಜಮಾನರೇ, ನಿನ್ನೆಯ ನೀರು ಕಪಿಲೆಯ ಚೀಲದ್ದು. ಆ ಚೀಲ ಹೊಲಿದವನು ಅದೇ ಮುದುಕ, ದಾರ ಹಲ್ಲಲ್ಲಿ ಕಚ್ಚಿ ಹೊಲಿದ. ತಾವು ಎರಡು ಗಿಂಡಿ ಕುಡಿದಿರಿ. ನನಗೆ ಪಂಚಗವ್ಯ ಆದರೆ ತಮಗೆ ಏನು?”

ಯಜಮಾನರ ಮುಖ ಕಪ್ಪಿಟ್ಟಿತು. ಗದರಿಸುತ್ತಾರೆ ಎಂದುಕೊಂಡೆ. ಅವರು ಎದ್ದು, ಶಲ್ಯವನ್ನು ಅಲ್ಲೇ ಬಿಸಾಡಿ, ಸರಸರನೆ ಹಿತ್ತಲಿಗೆ ನಡೆದರು. ರಾಟೆ ಕಿರ್ರೆಂದಿತು. ಅವರು ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೇಳಿಸಿತು. ಒಂದು ಕೊಡ, ಮತ್ತೊಂದು ಕೊಡ, ಇನ್ನೂ ಒಂದು. ನಿಲ್ಲಲೇ ಇಲ್ಲ. ಮೋರಿಯಿಂದ ನೀರು ಅಂಗಳಕ್ಕೆ ಹರಿದು ನಮ್ಮ ಕಾಲ ಹತ್ತಿರ ಬಂತು. ಸಂತೆಯ ದಿನ ನಾನು ಬೆಳಗ್ಗಿನಿಂದ ಹೊತ್ತದ್ದು ಅಷ್ಟು ನೀರಿರಲಿಲ್ಲ.

ಅಪ್ಪ ನನ್ನ ತೋಳು ಹಿಡಿದರು. “ನಡಿ,” ಎಂದರು. “ಮಂಡ್ಯದಲ್ಲಿ ಬೇರೆ ಮನೆಗಳೂ ಇವೆ. ನಾನೇ ಬಂದು ಕೇಳ್ತೀನಿ.”