ಎರಡು ಪಿಕಪ್ಪು, ನಲವತ್ತೆರಡು ಜೇನುಪೆಟ್ಟಿಗೆ

2023ರ ಫೆಬ್ರವರಿಯ ಮಾತು. ಆಗ ನಾನು ಸುಳ್ಯದಲ್ಲಿ ಗ್ಯಾರೇಜು ನಡೆಸುತ್ತಿದ್ದೆ. ರಿಪೇರಿಯ ಜೊತೆಗೆ ಟೋಯಿಂಗ್, ಅಂದರೆ ದಾರಿಯಲ್ಲಿ ಕೈಕೊಟ್ಟ ವಾಹನಗಳನ್ನು ಕಟ್ಟಿ ಎಳೆದು ತರುವ ಕೆಲಸವೂ ಇತ್ತು. ಪುತ್ತೂರು, ಸುಳ್ಯ, ಕಡಬದ ಯಾವ ತಿರುವಿನಲ್ಲಿ ಯಾವ ಗಾಡಿ ನಿಂತರೂ ಹೆಚ್ಚಾಗಿ ಫೋನು ನನಗೇ ಬರುತ್ತಿತ್ತು. ಮೂವತ್ತೊಂದು ವರ್ಷ ಅದನ್ನೇ ಮಾಡಿ, ಕಳೆದ ವರ್ಷ ಬೆನ್ನುನೋವಿನ ನೆಪ ಹೇಳಿ ಗ್ಯಾರೇಜನ್ನು ಹಮೀದನಿಗೆ ಬಿಟ್ಟುಕೊಟ್ಟೆ. ಹಮೀದ್ ನನ್ನ ಜೊತೆ ಹದಿನೆಂಟು ವರ್ಷ ದುಡಿದವನು, ನನಗಿಂತ ನಾಲ್ಕೇ ವರ್ಷ ಚಿಕ್ಕವನು. ಈಗ ಸಿಕ್ಕಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ದಾಮಣ್ಣ, ಎಳೆಯಲಿಕ್ಕೆ ಹಳೆ ಪಿಕಪ್ಪು ಒಳ್ಳೆದಾ, ಹೊಸತಾ?" ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಅದಕ್ಕೆ ಒಂದು ಬೆಳಗ್ಗೆ ನಡೆದದ್ದನ್ನೇ ಹೇಳಬೇಕಾಗುತ್ತದೆ.

ನನ್ನಲ್ಲಿ ಎರಡೂ ಇದ್ದವು. ಹಳೆಯದು 1997ರ ಮಾಡೆಲ್. ಟರ್ಬೊ ಇಲ್ಲ, ಸೆನ್ಸರ್ ಇಲ್ಲ, ಎಸಿ ಎಂಬುದರ ಪರಿಚಯವೇ ಇಲ್ಲ. ಆದರೆ ಅದು ಫೋರ್ ವೀಲ್ ಡ್ರೈವ್. ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಗೇರಿನ ಪಕ್ಕದಲ್ಲಿ ಇನ್ನೊಂದು ಚಿಕ್ಕ ಲಿವರ್ ಇದೆ. ಅದನ್ನು 'ಲೋ'ಗೆ ಹಾಕಿದರೆ ಗಾಡಿ ನಾವು ನಡೆಯುವುದಕ್ಕಿಂತಲೂ ನಿಧಾನ ಹೋಗುತ್ತದೆ, ಎಳೆಯುವ ಶಕ್ತಿ ಮಾತ್ರ ದುಪ್ಪಟ್ಟಿಗೂ ಹೆಚ್ಚಾಗುತ್ತದೆ. ಎಳೆಯುವ ಕೊಕ್ಕೆಯನ್ನು ನಾನೇ ಗಾಡಿಯ ಅಡಿಚೌಕಟ್ಟಿಗೆ, ಅಂದರೆ ಚಾಸಿಗೆ ವೆಲ್ಡ್ ಮಾಡಿದ್ದೆ. ಹಿಂದೆ ಕಬ್ಬಿಣದ ಭಾರ ಹೇರಿಕೊಂಡೇ ಇರುತ್ತಿದ್ದುದರಿಂದ ಚಕ್ರ ನೆಲ ಬಿಡುವುದು ಕಡಿಮೆ. ನನ್ನ ಹೆಂಡತಿ ಲೀಲಾ ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಅದರ ಸ್ಟಿಯರಿಂಗ್ ತಿರುಗಿಸಿ ತಿರುಗಿಸಿ ತನ್ನ ರಟ್ಟೆ ಗಟ್ಟಿಯಾದದ್ದು ಎಂದು ಇವತ್ತಿಗೂ ಹೇಳುತ್ತಾಳೆ.

ಹೊಸದನ್ನು ತಂದು ಎಂಟು ತಿಂಗಳಾಗಿತ್ತು. ಟರ್ಬೊ ಎಂಜಿನ್, ಪವರ್ ಸ್ಟಿಯರಿಂಗ್, ಒಳ್ಳೆಯ ಬ್ರೇಕು, ಹಿಂದೆ ನೋಡಲು ಕ್ಯಾಮರಾ. ಗ್ಲಾಸು ಏರಿಸಿ ಎಸಿ ಹಾಕಿದರೆ ಒಳಗೆ ಬ್ಯಾಂಕಿನಲ್ಲಿ ಕೂತ ಹಾಗೆ ತಣ್ಣಗೆ, ಸದ್ದಿಲ್ಲ. ನನಗೆ ಅದರ ಮೇಲೆ ಸ್ವಲ್ಪ ಜಂಬವಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆ ದಿನ ಬೆಳಗ್ಗೆ ಆರೂಕಾಲಕ್ಕೆ ಫೋನು ಬಂತು. ಆಲಂಕಾರಿನ ಸುಲೋಚನಕ್ಕ. ಅವರು ಜೇನು ಸಾಕುವವರು. ಒಂಬತ್ತು ವರ್ಷದ ಹಿಂದೆ ಮರದ ಪೊಟರೆಯಿಂದ ಹಿಡಿದ ಒಂದು ಜೇನುಕುಟುಂಬವನ್ನು ಪಾಲು ಮಾಡಿ ಮಾಡಿ ನಲವತ್ತೆರಡು ಪೆಟ್ಟಿಗೆ ಮಾಡಿದವರು. ಅವರ ಮನೆ ನಡೆಯುತ್ತಿದ್ದುದೇ ಆ ಜೇನಿನಿಂದ. ರಬ್ಬರ್ ಚಿಗುರುವ ಕಾಲದಲ್ಲಿ ಆ ಚಿಗುರಿನಿಂದ ಹುಳಗಳಿಗೆ ಧಾರಾಳ ಸಿಹಿ ಸಿಗುತ್ತದೆ. ಅದಕ್ಕಾಗಿ ಪೆಟ್ಟಿಗೆಗಳನ್ನೆಲ್ಲ ಬಾಡಿಗೆ ಟೆಂಪೋದಲ್ಲಿ ಹೇರಿಕೊಂಡು ಕಾಣಿಯೂರು, ಬೆಳ್ಳಾರೆ ದಾರಿಯಾಗಿ ಕಲ್ಲುಗುಂಡಿಯ ಹತ್ತಿರದ ಒಂದು ರಬ್ಬರ್ ತೋಟಕ್ಕೆ ಹೊರಟಿದ್ದರು. ಅರಂತೋಡು ದಾಟಿದ ಮೇಲೆ ಟೆಂಪೋದ ಕ್ಲಚ್ ಪ್ಲೇಟ್ ಸುಟ್ಟುಹೋಗಿತ್ತು. ಎಂಜಿನ್ ಓಡುತ್ತದೆ, ಚಕ್ರ ತಿರುಗುವುದಿಲ್ಲ.

"ದಾಮಣ್ಣ, ಹುಳ ಎಲ್ಲಾ ಒಳಗೆ ಬಂದ ಮೇಲೆ ನಿನ್ನೆ ಸಂಜೆ ಬಾಗಿಲು ಮುಚ್ಚಿದ್ದು. ಬಿಸಿಲು ಏರುವ ಮೊದಲು, ಒಂಬತ್ತರ ಒಳಗೆ ತೆಗೆಯದಿದ್ರೆ ಸೆಕೆಗೆ ಒಳಗೇ ಬೆಂದು ಹೋಗ್ತವೆ. ಇಲ್ಲಿ ರಸ್ತೆಯಲ್ಲಿ ತೆಗೆಯುವ ಹಾಗೂ ಇಲ್ಲ," ಎಂದರು.

ಪೆಟ್ಟಿಗೆಗಳನ್ನು ಇಳಿಸಿ ಬೇರೆ ಗಾಡಿಗೆ ಹತ್ತಿಸೋಣವೇ ಎಂದು ಕೇಳಿದೆ. ಒಂದೂವರೆ ಗಂಟೆಯಾದರೂ ಬೇಕು. ಮೇಲಾಗಿ ಎರಡೆರಡು ಸಲ ಅಲುಗಿದರೆ ಒಳಗಿನ ಎರಿ ಕಳಚಿ ಹುಳಗಳ ಮೇಲೇ ಬೀಳುತ್ತದೆ ಎಂದರು. ಎರಿ ಅಂದರೆ ಜೇನು ತುಂಬುವ ಮೇಣದ ತಟ್ಟೆ. ಹಾಗಾಗಿ ಟೆಂಪೋವನ್ನು ಇದ್ದ ಹಾಗೆಯೇ, ಜರ್ಕು ಹೊಡೆಯದೆ ಎಳೆಯಬೇಕು. ಹೆದ್ದಾರಿಯಲ್ಲಿ ಆರು ಕಿಲೋಮೀಟರ್, ತೋಟದ ಮಣ್ಣುದಾರಿಯಲ್ಲಿ ಒಂದು.

"ಮೇಲೆ ಮಣ್ಣುದಾರಿ ಉಂಟಲ್ಲ, ಹಳೆದನ್ನೇ ತೆಗೆಯುವನಾ?" ಎಂದು ಹಮೀದ್ ಕೇಳಿದ.

"ಅದು ಅಲ್ಲಿ ಮುಟ್ಟುವಾಗ ಮಧ್ಯಾಹ್ನ ಆಗ್ತದೆ ಮಾರಾಯ. ಇದು ನುಣ್ಣಗೆ ಎಳೆಯುದು, ಎರಿಗೂ ಒಳ್ಳೆದು," ಎಂದೆ. ನನ್ನ ಮಾತು ಅರ್ಧ ಸರಿ ಇತ್ತು.

ಏಳು ಗಂಟೆಯ ಹೊತ್ತಿಗೆ ಟೆಂಪೋವನ್ನು ಟೋ ಬಾರಿಗೆ, ಅಂದರೆ ಎರಡು ಗಾಡಿಗಳ ನಡುವೆ ಹಾಕುವ ಕಬ್ಬಿಣದ ಸಲಾಕೆಗೆ ಸಿಕ್ಕಿಸಿದೆವು. ಹಗ್ಗದಲ್ಲಾದರೆ ಇಳಿಜಾರಿನಲ್ಲಿ ಹಿಂದಿನದು ಬಂದು ಮುಂದಿನದಕ್ಕೆ ಗುದ್ದುತ್ತದೆ. ಸಲಾಕೆಯಲ್ಲಿ ಆ ಭಯವಿಲ್ಲ. ಟೆಂಪೋದ ಎಂಜಿನ್ ಓಡುತ್ತಲೇ ಇರಲಿ ಎಂದು ಚಾಲಕನಿಗೆ ಹೇಳಿದೆ. ಎಂಜಿನ್ ನಿಂತರೆ ಬ್ರೇಕಿನ ಬಲವೂ ಹೋಗುತ್ತದೆ. ಸುಲೋಚನಕ್ಕ ಅವನ ಪಕ್ಕ ಕೂತರು. ಹಮೀದ್ ನನ್ನ ಜೊತೆ.

ಹೆದ್ದಾರಿಯಲ್ಲಿ ಹೊಸ ಪಿಕಪ್ಪು ಎಳೆದ ಚಂದ ಹೇಳಿ ಮುಗಿಯದು. ಗೇರು ಬದಲಿಸಿದ್ದು ಹಿಂದಿನವರಿಗೆ ಗೊತ್ತಾಗದಷ್ಟು ನಯ. ಏಳೂಕಾಲಿಗೆಲ್ಲ ತೋಟದ ದಾರಿಯ ಬುಡಕ್ಕೆ ಬಂದೆವು. ಬಾರನ್ನು ಪರೀಕ್ಷಿಸಲು ಇಳಿದಾಗ ಒಂದು ಪೆಟ್ಟಿಗೆಯ ಸಂದಿಯಿಂದ ಹತ್ತಿಪ್ಪತ್ತು ಹುಳ ಹೊರಬಂದು ಕಿವಿಯ ಸುತ್ತ ಗುಂಯ್‌ಗುಟ್ಟಿದವು. ನಾನು ಓಡಿ ಬಂದು ಕ್ಯಾಬಿನ್ನಿಗೆ ಹತ್ತಿ ಗ್ಲಾಸು ಏರಿಸಿ ಎಸಿ ಹಾಕಿದೆ. ಹಮೀದ್ ಟೆಂಪೋದ ಪಕ್ಕದಲ್ಲಿ ನಡೆಯುತ್ತ ದಾರಿ ನೋಡಿ ಹೇಳುವುದೆಂದಾಯಿತು.

ಅರ್ಧ ಏರಿನಲ್ಲಿ ಒಂದು ಹಿಮ್ಮುರಿ ತಿರುವು. ಎರಡು ಗಾಡಿಗಳ ಉದ್ದಕ್ಕೆ ಅದು ಒಂದೇ ಸಲಕ್ಕೆ ಸಿಗಲಿಲ್ಲ. ಒಂದಿಷ್ಟು ಹಿಂದೆ ಹೋಗಿ ಮತ್ತೆ ತಿರುಗಿಸಬೇಕು. ಕ್ಯಾಮರಾದಲ್ಲಿ ನೋಡಿದರೆ ಟೆಂಪೋದ ಮೂತಿ ಬಿಟ್ಟು ಬೇರೇನೂ ಕಾಣದು. ಹಿಂದೆ ಹಮೀದ್ ಕೂಗುತ್ತಿದ್ದ: "ಜಾಗ ಉಂಟು... ಉಂಟು... ಉಂಟು..." ನಾನು ಮೆಲ್ಲ ಹಿಂದೆ ತಳ್ಳುತ್ತಿದ್ದೆ. ಮತ್ತೊಂದು ಸಲ, ಸ್ವಲ್ಪ ಗಟ್ಟಿಯಾಗಿ ಅದೇ ಶಬ್ದ ಕೇಳಿತು. ಇನ್ನೂ ಜಾಗ ಇದೆ ಎಂದುಕೊಂಡು ಇನ್ನೊಂದು ಮೊಳ ತಳ್ಳಿದೆ.

ಅವನು ಕೂಗಿದ್ದು "ಉಂತು!"

ಹಮೀದನ ಮನೆಮಾತು ಬ್ಯಾರಿ, ನನ್ನದು ಅರೆಭಾಷೆ, ಗ್ಯಾರೇಜಿನಲ್ಲಿ ನಾವಿಬ್ಬರೂ ಮಾತಾಡುವುದು ತುಳು (ಹೊರಡುವಾಗಿನ ನಮ್ಮ ಮಾತನ್ನು ಮೇಲೆ ಕನ್ನಡದಲ್ಲಿ ಬರೆದಿದ್ದೇನೆ ಅಷ್ಟೆ). ಅವತ್ತು ಸುಲೋಚನಕ್ಕ ಇದ್ದಾರೆಂಬ ಮರ್ಯಾದೆಗೆ ಅವನು ಕನ್ನಡದಲ್ಲಿ ಹೇಳುತ್ತಿದ್ದ. ದಾರಿಯ ಅಂಚು ಕುಸಿಯುವುದನ್ನು ಕಂಡು ಗಾಬರಿಯಾದಾಗ ಬಾಯಿಗೆ ತುಳುವೇ ಬಂತು. ತುಳುವಿನಲ್ಲಿ 'ಉಂತು' ಎಂದರೆ ನಿಲ್ಲು. ಏರಿಸಿದ ಗ್ಲಾಸಿನ ಆಚೆಯಿಂದ, ಎಸಿಯ ಸದ್ದಿನಲ್ಲಿ, ನನಗೆ 'ನಿಲ್ಲು' ಎಂಬುದು 'ಇದೆ' ಎಂದು ಕೇಳಿಸಿತು. ಟೆಂಪೋದ ಚಾಲಕ ಬ್ರೇಕ್ ಒತ್ತಿದ್ದ. ಆದರೆ ಮುಂದಿನಿಂದ ನಾನು ತಳ್ಳುತ್ತಲೇ ಇದ್ದೆ. ಚಕ್ರ ತಿರುಗದಿದ್ದರೂ ಮಣ್ಣಿನ ಮೇಲೆ ಜಾರಿ ಹಿಂದಿನ ಎಡಚಕ್ರ ಅಂಚಿನಿಂದ ಕೆಳಗಿಳಿಯಿತು. ಪೆಟ್ಟಿಗೆಗಳೆಲ್ಲ ಒಂದು ಬದಿಗೆ ವಾಲಿ, ಬಿಗಿದು ಕಟ್ಟಿದ್ದ ಹಗ್ಗಕ್ಕೆ ಒರಗಿದವು.

ಕೆಳಗೆ ಎರಡಾಳು ಆಳದಲ್ಲಿ ನೀರು ಹರಿಯುವ ತೋಡು. ಸುಲೋಚನಕ್ಕ, ಚಾಲಕ ಇಬ್ಬರೂ ಬಲಬದಿಯಿಂದ ಇಳಿದರು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಹಮೀದ್ ಟೆಂಪೋದ ಚಕ್ರಗಳಿಗೆ ಕಲ್ಲು ಕೊಟ್ಟ. ನಾನು ಮುಂದಕ್ಕೆ ಎಳೆದು ನೋಡಿದೆ. ಹೊಸ ಗಾಡಿಗೆ ಶಕ್ತಿಯ ಕೊರತೆ ಇರಲಿಲ್ಲ, ಆದರೆ ಆ ಶಕ್ತಿಯೆಲ್ಲ ಹಿಂದಿನ ಎರಡೇ ಚಕ್ರಕ್ಕೆ. ಖಾಲಿ ಗಾಡಿ, ಒಣ ಮಣ್ಣು. ಚಕ್ರ ಸುಮ್ಮನೆ ಸುತ್ತಿ ಧೂಳೆಬ್ಬಿಸಿತು. ಮತ್ತೆ ಪ್ರಯತ್ನಿಸಿದರೆ ಟೆಂಪೋ ಇನ್ನಷ್ಟು ಜಾರುವುದು ಖಂಡಿತ. ಬ್ರೇಕ್ ಹಿಡಿದು ಕೂತೆ. ಗಂಟೆ ಏಳೂ ನಲವತ್ತು.

ಮನೆಗೆ ಫೋನು ಮಾಡಿದೆ. ಲೀಲಾ ಮಾತಾಡಿದ್ದು ಅರೆಭಾಷೆಯಲ್ಲಿ, ಓದುವವರಿಗೆ ತಿಳಿಯಲೆಂದು ಕನ್ನಡದಲ್ಲಿ ಬರೆಯುತ್ತೇನೆ. "ನಂಗೆ ಕಥೆ ಬೇಡ. ಎಲ್ಲಿಗೆ ತರ್ಬೇಕು, ಎಂತ ಎಲ್ಲ ಹಾಕಿ ತರ್ಬೇಕು, ಅಷ್ಟು ಹೇಳಿ." ಚೈನು, ಅದನ್ನು ಕೊಕ್ಕೆಗೆ ಸಿಕ್ಕಿಸುವ ಎರಡು ಶೆಕಲ್, ಹಾರೆ ಎಂದೆ. ನಮ್ಮ ಹಿಂದಿನಿಂದ ಬಂದರೆ ಮುಂದೆ ಹೋಗಲು ಜಾಗವಿಲ್ಲ. ಸುಲೋಚನಕ್ಕ ಫೋನು ಕೈಗೆತ್ತಿಕೊಂಡು, ತೋಟದ ಮೇಲುಬದಿಯಿಂದ ಇಳಿಯುವ ಇನ್ನೊಂದು ದಾರಿಯನ್ನು ಗೇಟು ಗೇಟಾಗಿ ವಿವರಿಸಿದರು.

ಆಮೇಲಿನ ಐವತ್ತು ನಿಮಿಷ ನಾನು ಆ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಹೊಸ ಗಾಡಿಯೂ ಒಂದು ಬೆರಳು ಕದಲಲಿಲ್ಲ. ಹಳೆಯದರ ಬ್ರೇಕಾಗಿದ್ದರೆ ಅಷ್ಟು ಹೊತ್ತು ಆ ಭಾರ ಹಿಡಿಯುತ್ತಿತ್ತೆಂದು ನಾನು ಹೇಳಲಾರೆ. ಅದಕ್ಕಾಗಿ ಆ ಗಾಡಿಗೆ ಇವತ್ತಿಗೂ ಕೃತಜ್ಞ. ಸುತ್ತಲಿನ ರಬ್ಬರ್ ಮರಗಳು ಹಳೆ ಎಲೆ ಉದುರಿಸಿ ಆಗಷ್ಟೇ ಚಿಗುರಿದ್ದವು, ನೆರಳು ಎಂಬುದೇ ಇರಲಿಲ್ಲ. ಸುಲೋಚನಕ್ಕ ಗೋಣಿಚೀಲಗಳನ್ನು ತೋಡಿನ ನೀರಿನಲ್ಲಿ ಅದ್ದಿ ಪೆಟ್ಟಿಗೆಗಳ ಮೇಲೆ ಹೊದೆಸುತ್ತಿದ್ದರು. ಹಮೀದ್ ನೀರು ಹೊತ್ತು ಹೊತ್ತು ತಂದ. ಯಾರೂ ನನ್ನ ಮುಖ ನೋಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಸುಲಭವಿತ್ತು.

ಎಂಟೂವರೆಗೆ ಮೇಲಿನಿಂದ ಆ ಪರಿಚಿತ ಗಡಗಡ ಶಬ್ದ ಕೇಳಿತು. ಲೀಲಾ ಆ ಕಡಿದಾದ ಇಳಿಜಾರಿನಲ್ಲಿ ಹಳೆಯ ಪಿಕಪ್ಪನ್ನು ಹಿಮ್ಮುಖವಾಗಿಯೇ ಇಳಿಸಿ ತಂದು ನನ್ನ ಗಾಡಿಯ ಮುಂದೆ ನಿಲ್ಲಿಸಿದಳು. ಹೊಸದರಲ್ಲಿ ಟೆಂಪೋ ಚಾಲಕನನ್ನು ಕೂರಿಸಿದೆವು, ಟೆಂಪೋದಲ್ಲಿ ಹಮೀದ್ ಕೂತ. ಸುಲೋಚನಕ್ಕ ಚಕ್ರ ಕಾಣುವಲ್ಲಿ ನಿಂತರು. ಹಳೆಯದರ ಸ್ಟಿಯರಿಂಗ್ ನಾನು ಹಿಡಿದೆ. ಅದರ ಗ್ಲಾಸು ಯಾವ ಕಾಲದಲ್ಲೋ ಬಾಗಿಲಿನ ಒಳಗೆ ಬಿದ್ದು ಅಲ್ಲೇ ಉಳಿದಿತ್ತು. ಸಾಲದೆಂದು ಬಾಗಿಲನ್ನೂ ತೆರೆದು, ಅರ್ಧ ಮೈ ಹೊರಗೆ ಹಾಕಿ ಕೂತೆ.

"ಇವತ್ತು ನಮ್ಮ ಬಾಯಲ್ಲಿ ಉಂಟೂ ಬೇಡ, ಉಂತೂ ಬೇಡ," ಎಂದಳು ಲೀಲಾ. ನಡೆದದ್ದನ್ನು ಹಮೀದ್ ಅಷ್ಟರಲ್ಲಿ ಅವಳಿಗೆ ಹೇಳಿದ್ದ. "ಬರ್ಬೇಕಾದ್ರೆ 'ಬಾ', ನಿಲ್ಬೇಕಾದ್ರೆ ಒಂದು ಚಪ್ಪಾಳೆ. ನಾನು ಮಾತ್ರ ಹೇಳುದು. ಬೇರೆ ಯಾರೂ ಬಾಯಿ ಹಾಕ್ಬೇಡಿ."

ಲಿವರನ್ನು ಲೋಗೆ ಹಾಕಿದೆ. ಚೈನು ಬಿಗಿಯಾಯಿತು. "ಬಾ," ಎಂದಳು. ಒಂದು ಜೇನುಹುಳ ಬಂದು ನನ್ನ ಬಲಗಿವಿಗೆ ಸರಿಯಾಗಿ ಕುಟುಕಿತು. ತಲೆ ಒಳಗೆ ಎಳೆದುಕೊಳ್ಳಬೇಕೆನಿಸಿತು, ಎಳೆದುಕೊಳ್ಳಲಿಲ್ಲ. "ಬಾ... ಬಾ..." ಹಳೆಯದು ಹೊಗೆ ಬಿಡುತ್ತ ಅಂಗುಲ ಅಂಗುಲವಾಗಿ ಮುಂದೆ ಹೋಯಿತು. ಚಪ್ಪಾಳೆ ಕೇಳಿತು, ನಿಲ್ಲಿಸಿದೆ. ಲೀಲಾಳೂ ಸುಲೋಚನಕ್ಕನೂ ಹಾರೆಯಿಂದ ಅಂಚಿನ ಮಣ್ಣು ಕೆದಕಿ ಚಕ್ರದಡಿಗೆ ಕಲ್ಲು ಕೊಟ್ಟರು. ಮತ್ತೆ "ಬಾ". ಮೂರನೆಯ ಸಲಕ್ಕೆ ಟೆಂಪೋದ ಚಕ್ರ ದಾರಿಗೆ ಹತ್ತಿತು. ಹಿಂದೆ ಸರಿದಿದ್ದರಿಂದ ತಿರುವೂ ಈಗ ಸಿಕ್ಕಿತು. ಮತ್ತೆ ನಿಲ್ಲಿಸಲಿಲ್ಲ, ಮೂರೂ ಗಾಡಿ ರೈಲಿನ ಹಾಗೆ ಒಂದರ ಹಿಂದೊಂದು ಮೇಲಿನ ಬಯಲಿಗೆ ಮುಟ್ಟಿದವು. ಆಗ ಗಂಟೆ ಒಂಬತ್ತೂ ಹತ್ತು.

ಪೆಟ್ಟಿಗೆಗಳನ್ನು ಇಳಿಸಿ ಸಾಲಾಗಿ ಇಟ್ಟೆವು. ಸುಲೋಚನಕ್ಕ ಒಂದೊಂದರ ಹತ್ತಿರವೂ ಮಂಡಿಯೂರಿ, ಬೆರಳಿನಿಂದ ಮೆಲ್ಲ ತಟ್ಟಿ ಕಿವಿಯಿಟ್ಟರು. ಒಳಗೆ ಜೀವವಿದ್ದರೆ ಒಂದು ಸಲ ಗುಂಯ್ ಎನ್ನುತ್ತದಂತೆ. "ಉಂಟು," ಎನ್ನುವರು, ಬಾಗಿಲು ತೆಗೆಯುವರು, ಮುಂದಿನದಕ್ಕೆ ಹೋಗುವರು. ನಾನು ಅವರ ಹಿಂದೆಯೇ ಎಣಿಸುತ್ತ ನಡೆದೆ. ಹದಿನೇಳನೆಯದು ಸುಮ್ಮನಿತ್ತು. ಇಪ್ಪತ್ತನೆಯದೂ. ಕೆಳಸಾಲಿನಲ್ಲಿ ಇನ್ನೊಂದು. ಆ ಮೂರರಲ್ಲಿ ಎರಿ ಕಳಚಿ ಬಿದ್ದಿತ್ತು. ಉಳಿದ ಮೂವತ್ತೊಂಬತ್ತರಿಂದ ಹುಳಗಳು ಹೊರಗೆ ಹಾರಿ, ಗಾಳಿಯಲ್ಲಿ ಸುತ್ತು ಹಾಕಿ ತಮ್ಮ ಪೆಟ್ಟಿಗೆಯ ಗುರುತು ಹಿಡಿಯತೊಡಗಿದಾಗ ನನ್ನ ಕಣ್ಣು ತುಂಬಿ ಬಂತು.

"ಅಕ್ಕಾ, ಆ ಮೂರು ಹೋದದ್ದು ನನ್ನಿಂದ. ಗ್ಲಾಸು ಹಾಕಿ ಕೂತಿದ್ದೆ, ಅವನು ಹೇಳಿದ್ದು ಸರಿ ಕೇಳಲಿಲ್ಲ," ಎಂದೆ. ಹಮೀದ್ ಕೂಡಲೇ, "ಇಲ್ಲ ಅಕ್ಕ, ನಾನು ಭಾಷೆ ಬದಲು ಮಾಡಿದ್ದು ತಪ್ಪು," ಎಂದ.

ಸುಲೋಚನಕ್ಕ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ನನ್ನ ಊದಿದ ಕಿವಿಯನ್ನು ನೋಡಿ, "ಅದಕ್ಕೆ ಮೊದಲು ಮುಳ್ಳು ತೆಗೀರಿ ಮಾರಾಯ್ರೆ," ಎಂದು ತಾವೇ ಉಗುರಿನಿಂದ ಕೆರೆದು ತೆಗೆದರು. ಮೂರು ಪೆಟ್ಟಿಗೆಯ ಮಾತನ್ನು ಅವರು ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಹಾಗಾದರೆ ಹಳೆಯದು ಒಳ್ಳೆಯದೋ ಹೊಸತೋ? ಹೆದ್ದಾರಿಗೆ, ನಯಕ್ಕೆ, ಹಿಡಿದು ನಿಲ್ಲಿಸುವುದಕ್ಕೆ ಹೊಸದು. ಕೆಟ್ಟ ದಾರಿಯಲ್ಲಿ ಇಂಚು ಇಂಚಾಗಿ ಎಳೆಯುವುದಕ್ಕೆ ಹಳೆಯದು. ಎರಡಕ್ಕೂ ನಾನು ಕೈಮುಗಿಯುತ್ತೇನೆ. ಆದರೆ ಮೂವತ್ತೊಂದು ವರ್ಷದಲ್ಲಿ ಈ ಕೆಲಸ ಕಲಿಸಿದ್ದು ಗಾಡಿಯ ವಿಷಯವಲ್ಲ. ಎಳೆಯುವವನು ಯಾವಾಗಲೂ ಮುಂದೆ ಇರುತ್ತಾನೆ. ಅಪಾಯ ಯಾವಾಗಲೂ ಹಿಂದೆ ಇರುತ್ತದೆ. ಹಿಂದೆ ನಿಂತವರ ಮಾತು ತನಗೆ ನೆಟ್ಟಗೆ ಕೇಳಿಸುತ್ತಿದೆಯೇ ಎಂದು ನೋಡಿಕೊಳ್ಳಬೇಕಾದವನು ಎಳೆಯುವವನೇ. ಹಮೀದ್, ಲೀಲಾ, ಸುಲೋಚನಕ್ಕ ಅಂಥವರು ನನ್ನ ಹಿಂದೆ ಇದ್ದದ್ದು ನನ್ನ ಭಾಗ್ಯ.

ಮರುವರ್ಷ ಜನವರಿಯಲ್ಲಿ ಫೋನು ಬಂತು. "ದಾಮಣ್ಣ, ಮತ್ತೆ ಪಾಲು ಮಾಡಿದೆ, ಈ ಸಲ ಐವತ್ತಮೂರು ಪೆಟ್ಟಿಗೆ. ಟೆಂಪೋ ಬೇಡ, ನಿಮ್ಮ ಗಾಡಿಯಲ್ಲೇ ತೆಗೊಂಡು ಹೋಗುದು ಅಂತ ಮಾಡಿದ್ದೇನೆ." ಯಾವ ದಿನವೆಂದು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಅವರ ಮೂರು ಜೇನುಕುಟುಂಬಗಳನ್ನು ಕೊಂದವನ ಕೈಗೇ ಅವರು ಐವತ್ತಮೂರನ್ನು ಕೊಡುತ್ತಿದ್ದರು.