ರೆಫ್ರಿಯ ಕಡೆಯವಳು

ಮೈದಾನದ ಬದಿಯಲ್ಲಿ ನೆರಳು ಹುಡುಕಿ ಕೂತ ಹತ್ತು ನಿಮಿಷದೊಳಗೆ ಯಾರಾದರೊಬ್ಬರು ಬಂದು ನನ್ನನ್ನು ಕೇಳಿಯೇ ಕೇಳುತ್ತಾರೆ: "ನಿಮ್ಮದು ಯಾವ ಟೀಮು ಅಕ್ಕ?" ಪ್ರಶ್ನೆ ಸಹಜವೇ. ಅರವತ್ತು ದಾಟಿದ ಹೆಂಗಸೊಬ್ಬಳು ಬೆಳ್ತಂಗಡಿಯಲ್ಲೋ ಮೂಡುಬಿದಿರೆಯಲ್ಲೋ ಉರಿಬಿಸಿಲಿಗೆ ಕೊಡೆ ಹಿಡಿದು ಒಬ್ಬಳೇ ಫುಟ್‌ಬಾಲ್ ನೋಡುತ್ತ ಕೂತಿದ್ದರೆ, ಆಡುವವರಲ್ಲಿ ಅವಳ ಮಗನೋ ತಮ್ಮನ ಮಗನೋ ಇರಬೇಕು. ಇಲ್ಲವಾದರೆ ಅವಳ ತಲೆಯಲ್ಲಿ ಏನೋ ಏರುಪೇರು ಇರಬೇಕು. ನನಗೆ ಆಡುವ ಮಗನಿಲ್ಲ. ತಲೆಯ ವಿಚಾರವನ್ನು ನಾನೇ ಹೇಳಿಕೊಳ್ಳುವುದು ಸರಿಯಲ್ಲ. ಹಾಗಾಗಿ "ಸುಮ್ಮನೆ ಬಂದದ್ದು" ಎನ್ನುತ್ತೇನೆ. ನಮ್ಮ ಕಡೆ ಸುಮ್ಮನೆ ಬಂದವರನ್ನು ಯಾರೂ ನಂಬುವುದಿಲ್ಲ.

ನಿಜ ಹೇಳಬೇಕೆಂದರೆ ನನಗೂ ಒಂದು ಟೀಮು ಇತ್ತು. ಅದರಲ್ಲಿ ಇದ್ದದ್ದು ಒಬ್ಬರೇ, ಅವರೂ ಬಾಲನ್ನು ಮುಟ್ಟುತ್ತಿರಲಿಲ್ಲ. ಇವರು, ಅಂದರೆ ನನ್ನ ಯಜಮಾನರು, ಬಂಟ್ವಾಳದಲ್ಲಿ ಪಿ.ಟಿ. ಮಾಸ್ಟ್ರಾಗಿದ್ದವರು. ವಾರವಿಡೀ ಮಕ್ಕಳನ್ನು ಸಾಲು ನಿಲ್ಲಿಸಿ, ಆದಿತ್ಯವಾರ ಬಂತೆಂದರೆ ಕಪ್ಪು ಚಡ್ಡಿ ಹಾಕಿಕೊಂಡು ಊರೂರು ಮೈದಾನಗಳಲ್ಲಿ ರೆಫ್ರಿಯಾಗುತ್ತಿದ್ದರು. ದೊಡ್ಡ ಪಂದ್ಯಗಳೇನಲ್ಲ. ಗೋಲಿನ ಕಂಬಗಳಿಗೆ ಮೀನಿನ ಬಲೆ ಕಟ್ಟಿ, ಕೆಂಪು ಮಣ್ಣಿನ ಮೇಲೆ ಸುಣ್ಣದ ಗೆರೆ ಎಳೆದು, ಆಡುವ ಹನ್ನೊಂದು ಜನರಲ್ಲಿ ಇಬ್ಬರ ಬೂಟು ಹರಿದಿರುವಂಥ ತಾಲೂಕು ಲೀಗುಗಳು. ನಾನು ಅಂಚೆ ಕಚೇರಿಯಲ್ಲಿದ್ದವಳು. ನನಗೂ ಆದಿತ್ಯವಾರ ರಜೆ. ಮದುವೆಯಾದ ಹೊಸತರಲ್ಲಿ "ಒಬ್ಬಳೇ ಮನೆಯಲ್ಲಿ ಎಂತ ಮಾಡ್ತಿ, ಬಾ" ಎಂದು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು. ಮೂವತ್ತು ವರ್ಷ ಇಳಿಯಲಿಲ್ಲ.

ರೆಫ್ರಿಯ ಹೆಂಡತಿಯಾಗಿ ಮ್ಯಾಚ್ ನೋಡುವುದು ಒಂದು ವಿಶೇಷ ಶಿಕ್ಷಣ. ಮೈದಾನದಲ್ಲಿರುವ ಎಲ್ಲರೂ ಯಾವುದಾದರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬರುವುದಿದ್ದರೆ ಅದು ರೆಫ್ರಿಯನ್ನು ಬೈಯುವುದರಲ್ಲಿ. ಬ್ಯಾರಿ ಭಾಷೆಯ ಬೈಗುಳ ನನಗೆ ಬಂದದ್ದು ಹಾಗೆ. ತುಳುವಿನಲ್ಲಿ ಬೈದರೆ ನೇರ ಎಲುಬಿಗೆ ನಾಟುತ್ತದೆ. ಕನ್ನಡದಲ್ಲಿ ಬೈಯುವವರು ಕಡಿಮೆ, ಏಕೆಂದರೆ ನಮಗೆ ಕನ್ನಡ ಶಾಲೆಯ ಭಾಷೆ, ಕೋಪ ಬಂದಾಗಲೂ ಅದರಲ್ಲಿ ಬಹುವಚನ ಬಿಟ್ಟುಹೋಗುವುದಿಲ್ಲ. ತೋಡಾರಿನಲ್ಲಿ ಒಬ್ಬರು ಕುರ್ಚಿಯ ಮೇಲೆ ಹತ್ತಿ ನಿಂತು "ರೆಫ್ರಿಯವರೇ, ದಯವಿಟ್ಟು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಿ!" ಎಂದು ಕೂಗಿದ್ದರು. ಅವರ ಪಕ್ಕದಲ್ಲೇ ಚರುಂಬುರಿ ತಿನ್ನುತ್ತಿದ್ದ ನಾನು, "ಮಾಡಿಸಿಯಾಗಿದೆ, ಎಡಗಣ್ಣಿಗೆ ಪೊರೆ ಶುರುವಾಗಿದೆಯಂತೆ" ಎಂದು ಹೇಳಲು ಹೋಗಿ ಹೇಳಲಿಲ್ಲ. ಮನೆಯ ಮಾತು ಮೈದಾನಕ್ಕೇಕೆ?

ಮಧ್ಯಂತರದಲ್ಲಿ ಎರಡೂ ಟೀಮುಗಳಿಗೆ ಅವರವರ ಕಡೆಯವರು ಕಲ್ಲಂಗಡಿ, ಗ್ಲುಕೋಸು ಹಿಡಿದು ಓಡುತ್ತಾರೆ. ರೆಫ್ರಿ ಮಾತ್ರ ಯಾರ ಕಡೆಯವನೂ ಅಲ್ಲ. ನಾನು ಸ್ಟೀಲಿನ ಬಾಟಲಿಯಲ್ಲಿ ಲಿಂಬೆ ಷರಬತ್ತು ಒಯ್ಯುತ್ತಿದ್ದೆ. ಇವರು ನಿಂತಲ್ಲೇ ಅರ್ಧ ಕುಡಿದು, ಬಾಯಿ ಒರೆಸಿಕೊಂಡು, "ಹೇಗುಂಟು?" ಎಂದು ಕೇಳುತ್ತಿದ್ದರು. ಷರಬತ್ತಿನ ಬಗ್ಗೆ ಕೇಳಬೇಕಾದವಳು ನಾನು, ಆದರೆ ಅವರು ಕೇಳುತ್ತಿದ್ದದ್ದು ತಮ್ಮ ತೀರ್ಪುಗಳ ಬಗ್ಗೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆ. ಅಂಚೆಯಲ್ಲಿ ಮೂವತ್ತು ವರ್ಷ ಕೋಳಿ ಕೆದಕಿದಂಥ ವಿಳಾಸಗಳನ್ನು ಓದಿದ ಕಣ್ಣು ನನ್ನದು, ಅದಕ್ಕೆ ತಪ್ಪಿ ಹೋಗುವಂಥದ್ದು ಕಡಿಮೆ. "ಆ ಮೊದಲನೇ ಫೌಲು ಫೌಲಲ್ಲ, ಅವನೇ ಎಡವಿ ಬಿದ್ದದ್ದು" ಎಂದರೆ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ಜಗತ್ತಿನಲ್ಲಿ ಅವರು ಒಪ್ಪಿಕೊಳ್ಳುತ್ತಿದ್ದ ಮೇಲಿನ ಕೋರ್ಟು ಎಂದರೆ ನಾನೊಬ್ಬಳೇ.

ಆ ಕೋರ್ಟು ಒಂದು ಸಲ ಸುಳ್ಳು ಹೇಳಿತು. ನಾನು ಹೇಳಬೇಕೆಂದಿರುವುದು ಅದನ್ನೇ. ಇಷ್ಟೊತ್ತು ಸುತ್ತಿ ಬಳಸಿದ್ದಕ್ಕೆ ಕ್ಷಮೆಯಿರಲಿ.

ಏಳೆಂಟು ವರ್ಷದ ಹಿಂದೆ, ಬೆಳ್ತಂಗಡಿಯಲ್ಲಿ, ನೆರಿಯದವರಿಗೂ ಮೆಲ್ಕಾರಿನವರಿಗೂ ಸೆಮಿಫೈನಲ್. ನಾನು ನೆರಿಯದ ಗೋಲಿನ ಹಿಂದೆ ಮರದ ನೆರಳಿನಲ್ಲಿದ್ದೆ. ಮೆಲ್ಕಾರಿನ ಪರವಾಗಿ ಸಿದ್ದೀಕ್ ಎಂಬ ಹುಡುಗ ಆಡುತ್ತಿದ್ದ. ಮುಂದಿನ ವಾರ ಅವನು ಗಲ್ಫಿಗೆ ಹೋಗುವವನು, ಊರಿನಲ್ಲಿ ಇದೇ ಅವನ ಕೊನೆಯ ಆಟ ಎಂದು ಮೈಕಿನವರು ಆಗಾಗ ಹೇಳಿ ಜನರ ಕಣ್ಣು ಒದ್ದೆ ಮಾಡುತ್ತಿದ್ದರು. ಆಟ ಮುಗಿಯಲು ಎರಡೇ ನಿಮಿಷ ಇದ್ದಾಗ ಸಿದ್ದೀಕ್ ದೂರದಿಂದ ಒದ್ದ. ಬಾಲು ಮೇಲಿನ ಅಡ್ಡಪಟ್ಟಿಯ ಕೆಳಗೆ ಬಡಿದು, ನೆಲಕ್ಕೆ ಕುಟ್ಟಿ, ಹೊರಗೆ ಹಾರಿತು. ನಿಯಮದ ಪ್ರಕಾರ ಇಡೀ ಬಾಲು ಇಡೀ ಗೆರೆಯನ್ನು ದಾಟಬೇಕು, ಕೂದಲೆಳೆಯಷ್ಟು ಗೆರೆಯ ಮೇಲೆ ಉಳಿದರೂ ಗೋಲಲ್ಲ. ಟಿ.ವಿ.ಯ ಪಂದ್ಯಗಳಲ್ಲಿ ಇದನ್ನು ನೋಡಲು ಕ್ಯಾಮೆರಾ ಉಂಟು. ಈಗ ಕಂಬಳದಲ್ಲಿ ಕೋಣಗಳಿಗೂ ಕ್ಯಾಮೆರಾ ಉಂಟು. ನಮ್ಮ ತಾಲೂಕು ಲೀಗಿಗೆ ಇದ್ದದ್ದು ಇವರ ಒಂದೂವರೆ ಕಣ್ಣು. ಅವರು ದೂರದಲ್ಲಿದ್ದರು. ಲೈನ್ಸ್‌ಮನ್ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದ. ಇವರು ಒಂದು ಕ್ಷಣ ಅನುಮಾನಿಸಿ, ಗೋಲಿಲ್ಲ ಎಂದು ಕೈಯಾಡಿಸಿದರು. ಮೆಲ್ಕಾರಿನವರು ಒಂದು ಗೋಲಿನಿಂದ ಸೋತರು.

ಬಾಲು ಬಿದ್ದದ್ದು ಗೆರೆಯಿಂದ ಒಂದು ಗೇಣು ಒಳಗೆ. ಕೆಂಪು ಮಣ್ಣಿನಲ್ಲಿ ಗುಂಡಗಿನ ಗುರುತು ನನ್ನ ಕಣ್ಣೆದುರೇ ಇತ್ತು. ಆಮೇಲೆ ನೆರಿಯದ ಗೋಲ್‌ಕೀಪರ್ ಅದರ ಮೇಲೆ ನಡೆದು ಅಳಿಸಿಬಿಟ್ಟ.

ವಾಪಸು ಬರುವಾಗ ಮಡಂತ್ಯಾರಿನಲ್ಲಿ ಚಹಾಕ್ಕೆ ನಿಂತೆವು. ಗೋಳಿಬಜೆ ತಣ್ಣಗಾಗುವವರೆಗೂ ಇವರು ಮುಟ್ಟಲಿಲ್ಲ. ಕೊನೆಗೆ ಕೇಳಿದರು: "ನೀನು ಗೋಲಿನ ಹಿಂದೆಯೇ ಇದ್ದಿ ಅಲ್ವಾ? ಬಾಲ್ ಒಳಗೆ ಹೋಗಿತ್ತಾ?"

"ನನಗೆ ಕಾಣ್ಲಿಲ್ಲ. ಬ್ಯಾಗಿನಲ್ಲಿ ಕನ್ನಡಕ ಹುಡುಕ್ತಾ ಇದ್ದೆ" ಎಂದೆ.

ಯಾಕೆ ಹಾಗೆಂದೆ? ಹೌದೆಂದರೆ ಆ ಮನುಷ್ಯ ಪೀಪಿಯನ್ನು ನೇತ್ರಾವತಿಗೆ ಎಸೆದು ಬರುವವರು ಎಂದು ನನಗೆ ಗೊತ್ತಿತ್ತು. ತೀರ್ಪು ಹೇಗೂ ಬದಲಾಗುವಂತಿರಲಿಲ್ಲ. ಯಾರಿಗೂ ಉಪಕಾರವಾಗದ ಸತ್ಯಕ್ಕಾಗಿ ಒಬ್ಬರ ಆದಿತ್ಯವಾರಗಳನ್ನು ಕಿತ್ತುಕೊಳ್ಳುವುದೇ? ಇವರು "ಹಾಗಾ" ಎಂದರು. ಗೋಳಿಬಜೆ ತಿಂದರು. ಆಮೇಲೆ ಮೈದಾನದಲ್ಲಿ ಬಾಲಿನ ಹಿಂದೆ ಮೊದಲಿಗಿಂತ ಹೆಚ್ಚು ಓಡತೊಡಗಿದರು. ರಿಟೈರಾದ ಮೇಲೂ ಹಾಗೆ ಏದುಸಿರು ಬಿಡುತ್ತ ಗೋಲಿನ ತನಕ ಓಡುತ್ತಿದ್ದರು. ಅದನ್ನು ನೋಡಿದ ಪ್ರತಿ ಸಲವೂ, ಇವತ್ತು ಸ್ಕೂಟರಿನಲ್ಲಿ ಹೇಳಿಬಿಡುವ ಎಂದುಕೊಳ್ಳುತ್ತಿದ್ದೆ. ಗಾಳಿಗೆ ಕೇಳಿಸುವುದಿಲ್ಲ ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಮೂರು ವರ್ಷದ ಹಿಂದೆ, ಒಂದು ಬುಧವಾರ ಬೆಳಿಗ್ಗೆ, ಎದೆನೋವೆಂದರು. ಅಷ್ಟೇ. ಹೇಳಲು ಉಳಿಸಿಕೊಂಡದ್ದು ನನ್ನಲ್ಲೇ ಉಳಿಯಿತು.

ಈಗ ನಾನು ಬಸ್ಸಿನಲ್ಲಿ ಹೋಗುತ್ತೇನೆ. ಮೂಡುಬಿದಿರೆ ಕಡೆಯಾದರೆ ಸಿದ್ದಕಟ್ಟೆಯ ಮೇಲೆ, ಬೆಳ್ತಂಗಡಿಯಾದರೆ ಪುಂಜಾಲಕಟ್ಟೆಯ ಮೇಲೆ. ಮಡಂತ್ಯಾರು ಬಂದಾಗ ಬಸ್ಸಿನ ಇನ್ನೊಂದು ಬದಿಗೆ ನೋಡುತ್ತೇನೆ. ಮೈದಾನದಲ್ಲಿ ಆಟಗಾರರನ್ನು ನೋಡುವುದು ಕಡಿಮೆ, ರೆಫ್ರಿಯನ್ನು ನೋಡುವುದೇ ಹೆಚ್ಚು. ಯಾರೋ ಏನೋ, ನನಗೆ ಸಂಬಂಧವಿಲ್ಲದ ಎಳೆ ಹುಡುಗರು. ಆದರೂ ಜನ ಬೈಯುವಾಗ ನನ್ನ ಮೈ ಉರಿಯುತ್ತದೆ. ಪೀಪಿ ಊದುವುದರಲ್ಲೂ ಒಬ್ಬೊಬ್ಬರದ್ದು ಒಂದೊಂದು ರೀತಿ. ಇವರು ಚಿಕ್ಕದಾಗಿ, ತುಸು ನಾಚಿಕೊಂಡವರ ಹಾಗೆ ಊದುತ್ತಿದ್ದರು. ಅಂಥದ್ದು ಮತ್ತೆ ಎಲ್ಲಿಯೂ ಕೇಳಿಲ್ಲ. ಕೇಳೀತೇನೋ ಎಂದು ಹೋಗುತ್ತೇನೆ.

ಇನ್ನೊಂದು ಆಸೆಯೂ ಇತ್ತು. ಸಿದ್ದೀಕ್ ಸಿಕ್ಕರೆ ಅವನಿಗಾದರೂ ಹೇಳಿಬಿಡಬೇಕು.

ಕಳೆದ ತಿಂಗಳು ತೋಡಾರಿನಲ್ಲಿ ಸಿಕ್ಕಿದ. ಹೊಟ್ಟೆ ಬಂದಿತ್ತು, ಗಡ್ಡಕ್ಕೆ ಬಿಳಿ ಬಂದಿತ್ತು. ಗಲ್ಫ್ ಮುಗಿಸಿ ಬಂದು ಮೆಲ್ಕಾರಿನಲ್ಲಿ ಅಂಗಡಿ ಇಟ್ಟುಕೊಂಡು ಟೀಮಿಗೆ ಕೋಚಾಗಿದ್ದ. ಮೈಕಿನವರು ಹೆಸರು ಹೇಳದಿದ್ದರೆ ಗುರುತು ಹತ್ತುತ್ತಿರಲಿಲ್ಲ. ಮಧ್ಯಂತರದಲ್ಲಿ ಎದ್ದು ಹೋದೆ. ಅವನೇ ಮೊದಲು ಗುರುತು ಹಿಡಿದ.

"ಓ, ಮಾಸ್ಟ್ರ ಮನೆಯವರಲ್ವಾ? ಕೂತ್ಕೊಳ್ಳಿ ಅಕ್ಕ. ಮಾಸ್ಟ್ರು ಹೋದ ಸುದ್ದಿ ಅಲ್ಲಿಯೇ ಸಿಕ್ಕಿತು. ಭಾರೀ ಬೇಜಾರಾಯ್ತು."

ಕೂತರೆ ಧೈರ್ಯ ಹೋದೀತೆಂದು ನಿಂತೇ ಹೇಳಿದೆ. "ಸಿದ್ದೀಕ್, ಬೆಳ್ತಂಗಡಿಯಲ್ಲಿ ನಿನ್ನ ಆ ಬಾಲು ಒಳಗೆ ಹೋಗಿತ್ತು. ನಾನು ನೋಡಿದ್ದೆ. ಅವರಿಗೆ ಹೇಳ್ಲಿಲ್ಲ."

ಅವನು ನನ್ನ ಮುಖ ನೋಡಿದ. ಆಮೇಲೆ ನಕ್ಕ.

"ಮಾಸ್ಟ್ರಿಗೆ ಗೊತ್ತಿತ್ತು ಅಕ್ಕ. ನಾನು ಹೋಗುವ ಎರಡು ದಿನ ಮೊದಲು ಮನೆಗೆ ಬಂದಿದ್ರು. ಕೈ ಹಿಡ್ಕೊಂಡು, ನಿನ್ನದು ಗೋಲೇ, ನನ್ನದು ತಪ್ಪಾಯ್ತು ಅಂದ್ರು. ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳಿದೆ. 'ನನ್ನ ಹೆಂಡತಿ ತನಗೆ ಕಾಣ್ಲಿಲ್ಲ ಅಂದಳು ಮಾರಾಯ. ಅವಳಿಗೆ ಕಾಣದ್ದು ಯಾವುದೂ ಇಲ್ಲ. ಹಾಗಾಗಿ ಅದು ಗೋಲೇ' ಅಂದ್ರು. ನಿಮಗೆ ಹೇಳ್ಬೇಡ ಅಂತಲೂ ಹೇಳಿದ್ರು. ಗೊತ್ತಾದರೆ ಬೇಜಾರು ಮಾಡಿಕೊಳ್ತಾಳೆ ಅಂತ." ಮತ್ತೆ ಸೇರಿಸಿದ: "ನಾನು ಆ ಗೋಲು ಸಿಕ್ಕಿಯೇ ವಿಮಾನ ಹತ್ತಿದ್ದು ಅಕ್ಕ."

ಅಷ್ಟರಲ್ಲಿ ಆಟ ಶುರುವಾಯಿತು, ಅವನು ತನ್ನ ಹುಡುಗರ ಕಡೆ ಓಡಿದ. ನಾನು ನನ್ನ ಜಾಗಕ್ಕೆ ಬಂದು ಕೂತೆ. ಮೊದಲು ಬಂದದ್ದು ಕೋಪ. ಸ್ಕೂಟರಿನ ಬ್ರೇಕು ತೋರಿಸಿ ಬರುತ್ತೇನೆ ಎಂದು ಅದೇ ದಿನಗಳಲ್ಲಿ ಒಂದು ಮಂಗಳವಾರ ಮೆಲ್ಕಾರಿನ ಪಕ್ಕದ ಪಾಣೆಮಂಗಳೂರು ಕಡೆ ಹೋಗಿ ಎರಡು ಗಂಟೆ ಕಳೆದು ಬಂದಿದ್ದರಲ್ಲ, ಈ ಮನುಷ್ಯ! ನಾನು ವರ್ಷಗಟ್ಟಲೆ ಒಳಗೊಳಗೇ ಬೇಯುವುದನ್ನು ನೋಡುತ್ತ ಒಂದು ಮಾತು ಆಡಲಿಲ್ಲವಲ್ಲ! ಆಮೇಲೆ ನಗು ಬಂತು. ಆಮೇಲೆ ಕೊಡೆಯನ್ನು ಮುಖದ ಮುಂದೆ ತಂದುಕೊಳ್ಳಬೇಕಾಯಿತು. ಪಕ್ಕದವರು ಮೆಲ್ಕಾರಿನವರು ಸೋಲುತ್ತಿರುವುದಕ್ಕೆ ಅಳುತ್ತಿದ್ದೇನೆಂದು ತಿಳಿದು, "ಇನ್ನೂ ಟೈಮುಂಟು ಅಕ್ಕ" ಎಂದು ಸಮಾಧಾನ ಮಾಡಿದರು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಜಗಳವನ್ನೇ ಆಡದೆ ಉಳಿಸಿದವರಿಗೆ ಯಾವ ಗಾದೆಯೂ ಇದ್ದಂತಿಲ್ಲ. ಒಂದೇ ಸ್ಕೂಟರಿನಲ್ಲಿ, ಒಬ್ಬರ ಬೆನ್ನಿಗೆ ಒಬ್ಬರು ಅಂಟಿ ಕೂತು, ಒಂದೇ ಗುಟ್ಟನ್ನು ಇಬ್ಬರೂ ಪರಸ್ಪರರಿಂದ ಮುಚ್ಚಿಟ್ಟುಕೊಂಡು ನಾವು ಮೂರು ತಾಲೂಕು ತಿರುಗಿದೆವು. ಇನ್ನೊಂದೇ ಒಂದು ಆದಿತ್ಯವಾರ ಸಿಕ್ಕಿದರೆ ಸಾಕಿತ್ತು. ಕ್ಷಮೆ ಕೇಳುತ್ತಿರಲಿಲ್ಲ, ಅವರನ್ನು ಕೇಳಲೂ ಬಿಡುತ್ತಿರಲಿಲ್ಲ. ಬೆಳ್ತಂಗಡಿಯಿಂದ ಬಂಟ್ವಾಳದ ತನಕ, ಗಾಳಿಗೆ ಕೇಳಿಸದಿದ್ದರೆ ಕಿವಿಯಲ್ಲೇ ಕೂಗಿ, ಬಾಯ್ತುಂಬ ಜಗಳವಾಡಿಕೊಂಡು ಬರುತ್ತಿದ್ದೆ.