ಹುಳದ ಮನೆಯಲ್ಲಿ ನಡೆದ ಕಂಪ್ಯೂಟರ್ ಸಭೆ

ಈಗ ಯಾರಾದರೂ "ಹೊಸ ಆ್ಯಪ್ ಬಂದಿದೆ, ನೋಡಿದ್ರಾ?" ಎಂದು ಫೋನನ್ನು ಮೂಗಿನ ಮುಂದೆ ಹಿಡಿದರೆ ನನಗೆ ಮೊದಲು ಬರುವುದು ಸಿಟ್ಟು. ಅವರ ತಪ್ಪೇನೂ ಇಲ್ಲ, ಪಾಪ. ಆ ಹುಚ್ಚು ನನಗೂ ಇತ್ತು. ಅದು ಬಿಟ್ಟುಹೋದ ಜಾಗ ಕೂಡ ನೆನಪಿದೆ: ಮೇಲೂರಿನ ನಮ್ಮ ಮನೆಯ ಹಿಂದಿದ್ದ ಹುಳದ ಮನೆ, ರೇಷ್ಮೆ ಹುಳ ಸಾಕುತ್ತಿದ್ದ ಆ ಉದ್ದನೆಯ ಕೋಣೆ.

ಅದು ತೊಂಬತ್ತರ ದಶಕದ ಕೊನೆ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿ, ಅದರ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಕ್ಲಾಸು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಹತ್ತಬೇಕು. ಕಿಟಕಿ ತೆರೆಯುವ ಹಾಗಿಲ್ಲ. "ಧೂಳು ಬಿದ್ರೆ ಮಿಷನ್ ಸತ್ತೋಗುತ್ತೆ ಕಣ್ರಮ್ಮಾ" ಎಂದು ಮೇಷ್ಟ್ರು ದಿನಕ್ಕೊಂದು ಸಲ ಹೇಳದೆ ಇರುತ್ತಿರಲಿಲ್ಲ. ಪೇಟೆಯ ಹುಡುಗರು ನಗುತ್ತಿದ್ದರು. ಹುಳ ಸಾಕುವ ಮನೆಯಿಂದ ಬಂದ ನನಗೆ ಇದೇನೂ ಹೊಸದಾಗಿರಲಿಲ್ಲ. ನಮ್ಮ ಹುಳದ ಮನೆಗೂ ಬರಿಗಾಲಲ್ಲೇ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಪಾದ ಅದ್ದಿಯೇ ಹೋಗಬೇಕಿತ್ತು. ಸೆಂಟು ಹಚ್ಚಿಕೊಂಡು ಹತ್ತಿರ ಸುಳಿದರೆ ಅಮ್ಮ ಪೊರಕೆ ಎತ್ತುತ್ತಿದ್ದಳು.

ಆ ಕ್ಲಾಸಿನಲ್ಲೇ ನನಗೆ ಅವಳು ಸಿಕ್ಕಿದ್ದು. ಅವಳದು ನೂಲು ತೆಗೆಯುವವರ ಮನೆ. ನಮ್ಮಂಥವರು ಬೆಳೆದ ರೇಷ್ಮೆ ಗೂಡನ್ನು ಮಾರ್ಕೆಟ್ಟಿನ ಹರಾಜಿನಲ್ಲಿ ಹಿಡಿದು, ಒಲೆಯ ಮೇಲೆ ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆ ಹುಡುಕಿ ರಾಟೆಗೆ ಸುತ್ತುವವರು. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳು ಆ ಹಬೆಯಲ್ಲಿ ನಿಂತು, ಸ್ನಾನ ಮಾಡಿ, ಬುರ್ಖಾ ತೊಟ್ಟು ಕ್ಲಾಸಿಗೆ ಬರುತ್ತಿದ್ದಳು. ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿರುತ್ತಿದ್ದವು. ಎಷ್ಟು ಸೋಪು ಹಾಕಿದರೂ ಬೆಂದ ಹುಳದ ವಾಸನೆ ಹೋಗುತ್ತಿರಲಿಲ್ಲ. ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ನಾನು ಕೂತೆ. ಅದೇನು ದೊಡ್ಡ ಔದಾರ್ಯವಲ್ಲ. ಆ ವಾಸನೆಯಿಂದಲೇ ನಮ್ಮ ಮನೆಯ ಅನ್ನ ಹುಟ್ಟುತ್ತಿತ್ತು.

"ಏ ಗೌಡ್ತಿ, ಕೀಬೋರ್ಡು ಕುಟ್ಟಬೇಡ್ವೇ, ಅದೇನು ರಾಗಿಮುದ್ದೆ ಅಲ್ಲ" ಎಂದು ಅವಳು ರೇಗಿಸುತ್ತಿದ್ದಳು. ಮೇಷ್ಟ್ರಿಗಿಂತ ಬೇಗ ಕಲಿತವಳು ಅವಳು. ಮಾತೂ ಹಾಗೆಯೇ, ಚುರುಕು. ಮಾತಿನ ನಡುವೆ ಕೆಮ್ಮು ಬಂದರೆ ಮಾತ್ರ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. "ಏನೇ ಇದು?" ಎಂದರೆ, "ಸರ್ದಿ ಕಣೇ." ಅವರ ಮನೆಯಲ್ಲಿ ಶೀತಕ್ಕೆ ಸರ್ದಿ ಅನ್ನುತ್ತಾರೆ. ಬೇಸಿಗೆಯಲ್ಲೂ ಸರ್ದಿಯೇ, ಮಳೆಗಾಲದಲ್ಲೂ ಸರ್ದಿಯೇ.

ಭಾನುವಾರ ಅದೇ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಸಂಘ ಸೇರುತ್ತಿತ್ತು. ಚಿಂತಾಮಣಿಯಿಂದ ಒಬ್ಬರು, ಪೆರೇಸಂದ್ರದಿಂದ ಒಬ್ಬರು, ಗೌರಿಬಿದನೂರಿನಿಂದ ರೇಡಿಯೊ ರಿಪೇರಿ ಅಂಗಡಿಯವರೊಬ್ಬರು ಬಸ್ಸು ಬದಲಾಯಿಸಿಕೊಂಡು ಬರುತ್ತಿದ್ದರು. ಬೆಂಗಳೂರಿಗೆ ಫೋನು ತಾಗಿ, ಮೋಡೆಮ್ಮು ಕಿರ್ರೋ ಎಂದು ಒದರಿ, ಸುಮ್ಮನಾದ ಮೇಲೆ ಎಲ್ಲರೂ ಕುರ್ಚಿ ಎಳೆದುಕೊಳ್ಳುವುದು. ಒಂದು ವಾರ ನಾವು ಹುಟ್ಟಿದ ತಾರೀಖು ಒತ್ತಿದರೆ ಅವತ್ತು ಯಾವ ವಾರ ಅಂತ ಹೇಳುವ ಪುಟ. ಇನ್ನೊಂದು ವಾರ ಯಾರಿಗೆ ಬೇಕಾದರೂ ಹೂವಿನ ಕಾರ್ಡು ಕಳಿಸುವ ಪುಟ. ನಾವು ಇಲ್ಲಿ ಕೇಳಿದ್ದಕ್ಕೆ ಸಮುದ್ರದಾಚೆಯ ಯಾವುದೋ ಮಿಷನ್ನು ಉತ್ತರ ಕೊಡುತ್ತದಲ್ಲಾ ಅಂತ ನಮಗೆ ಮೈ ಜುಮ್ಮೆನ್ನುತ್ತಿತ್ತು. ಗೌರಿಬಿದನೂರಿನವರಂತೂ ಪುಟ ಪೂರ್ತಿ ತೆರೆದುಕೊಳ್ಳುವ ತನಕ ಟೀ ಲೋಟವನ್ನು ಬಾಯಿಗೆ ಇಡುತ್ತಿರಲಿಲ್ಲ.

ಒಂದು ಭಾನುವಾರ ಅವಳು ಬುರ್ಖಾದ ಜೇಬಿನಿಂದ ಫ್ಲಾಪಿ ತೆಗೆದಳು. ಅವಳೇ ಮಾಡಿದ ಪುಟ. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಅವತ್ತು ಗೂಡು ಯಾವ ದರಕ್ಕೆ ಹೋಯಿತು, ನಿಮ್ಮದು ಇಷ್ಟು ಕಿಲೋ ಇದ್ದರೆ ಎಷ್ಟು ಸಿಗಬಹುದು, ಒತ್ತಿದರೆ ಹೇಳುತ್ತಿತ್ತು. ಆಗ ವೆಬ್ಬಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಒಂದೊಂದು ಕನ್ನಡ ಪದವನ್ನೂ ಅವಳು ಚಿತ್ರ ಬರೆದ ಹಾಗೆ ಬರೆದು ಅಂಟಿಸಿದ್ದಳು. ಮನೆಯಲ್ಲಿ ಉರ್ದು ಆಡುವ ಹುಡುಗಿ, ಅಕ್ಷರ ಎಷ್ಟು ದುಂಡಗೆ ಅಂತೀರಿ! ಅದು ವೆಬ್ಬಿಗೆ ಏರಿದ ಕೂಡಲೇ ನಾನು ಎಲ್ಲರ ಮುಂದೆಯೇ ಅವಳನ್ನು ತಬ್ಬಿಕೊಂಡೆ. "ಬಿಡೇ, ಉಸಿರು ಕಟ್ಟುತ್ತೆ" ಎಂದು ನಕ್ಕಳು.

ನಿಜಕ್ಕೂ ಕಟ್ಟುತ್ತಿತ್ತು. ಕಂಪ್ಯೂಟರ್ ಪುಸ್ತಕ ತರುತ್ತೇವೆ ಎಂದು ಇಬ್ಬರ ಮನೆಯಲ್ಲೂ ಸುಳ್ಳು ಹೇಳಿ ಒಂದು ದಿನ ಚಿಕ್ಕಬಳ್ಳಾಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಅವರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ನೋಡಮ್ಮ, ಇದು ಶೀತ ಅಲ್ಲ, ದಮ್ಮು. ಆ ಹೊಗೆ, ಹಬೆ ಬಿಡಬೇಕು. ಬಿಡದೆ ಹೋದ್ರೆ ನನ್ನ ಔಷಧಿ ಬರೀ ನೀರು" ಎಂದರು. ಬಸ್ಸಿನಲ್ಲಿ ಅವಳು ಕಿಟಕಿ ಕಡೆ ನೋಡುತ್ತಾ ಹೇಳಿದಳು: "ಯಾರಿಗೂ ಹೇಳಬೇಡ್ವೇ. ದಮ್ಮಿನ ಹುಡುಗಿ ಅಂತ ಹೆಸರು ಬಿದ್ರೆ ನನ್ನನ್ನೂ ಯಾರೂ ಕೇಳಲ್ಲ, ನನ್ನ ತಂಗೀನೂ ಯಾರೂ ಕೇಳಲ್ಲ."

ಹಬೆ ಬಿಡುವುದಕ್ಕೆ ಇದ್ದದ್ದು ಒಂದೇ ದಾರಿ, ಅದೂ ತಾನಾಗಿ ಬಂತು. ಬೆಂಗಳೂರಿನ ಒಂದು ಸಂಸ್ಥೆ ಶಿಡ್ಲಘಟ್ಟದಲ್ಲಿ ಮಾಹಿತಿ ಕೇಂದ್ರ ತೆರೆಯಲಿದೆ, ನಡೆಸುವುದಕ್ಕೆ ಇಲ್ಲಿಯವರೇ ಒಬ್ಬರು ಬೇಕು, ನಿಮ್ಮ ಸಂಘದ ಕೆಲಸ ನೋಡಲು ಬರುತ್ತೇವೆ ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದರು. ಕೆಲಸ ಸಿಕ್ಕಿದರೆ ರಾಟೆಯ ಹತ್ತಿರ ನಿಲ್ಲುವುದು ಬೇಡ ಎಂದು ಅವಳ ಅಬ್ಬಾ ಒಪ್ಪಿದರು. ಆಮೇಲೆ ತಂಗಿಯನ್ನೂ ಕಂಪ್ಯೂಟರ್ ಕಲಿಯಲು ಕಳಿಸೋಣ ಎಂದರು. ನಾವಿಬ್ಬರೂ ಆ ವಾರ ನೆಲದ ಮೇಲೆ ಇರಲಿಲ್ಲ.

ಮಹಡಿಯ ಕೋಣೆ ಸಭೆಗೆ ಸಾಲದು. ನಮ್ಮ ಮನೆಯಲ್ಲಿ ಫೋನಿತ್ತು. ಹಿಂದಿನ ಬೆಳೆಯ ಗೂಡು ಮಾರಿ ಹುಳದ ಮನೆ ಖಾಲಿಯಿತ್ತು. ಅಲ್ಲೇ ಮಾಡೋಣ ಎಂದಾಯಿತು. ಅಪ್ಪನ ಸಂಭ್ರಮ ಕೇಳಬೇಡಿ. ಅವರು ಹುಳದ ಮನೆಗೆ ಹೊರಗಿನವರನ್ನು ಬಿಟ್ಟವರೇ ಅಲ್ಲ, ಬೀಗರು ಬಂದರೂ ಬಾಗಿಲ ಆಚೆಯೇ. ಈಗ ಅಲ್ಲಿಗೇ ಬೆಂಗಳೂರಿನ ದೊಡ್ಡವರು ಬರುತ್ತಾರೆ. ಹೊಸ ಬೆಳೆಗೆ ಹುಳದ ಮರಿ ಇಳಿಸುವ ಮುಂಚೆ ಮಾಡುವ ಹಾಗೆ ಗೋಡೆಗೆ ಸುಣ್ಣ ಬಳಿದು, ನೆಲ ತೊಳೆದು, ಮೂಲೆ ಮೂಲೆಗೂ ಫಾರ್ಮಲಿನ್ ಸಿಂಪಡಿಸಿ, ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿದರು. ಫಾರ್ಮಲಿನ್ ಅಂದರೆ ಹುಳಕ್ಕೆ ರೋಗ ತರುವ ಕ್ರಿಮಿಗಳನ್ನೆಲ್ಲ ಸುಟ್ಟುಹಾಕುವ ಘಾಟಿನ ಔಷಧಿ. ಮಾಮೂಲಿಗಿಂತ ಒಂದು ಕೈ ಜಾಸ್ತಿಯೇ ಹಾಕಿದ್ದರು. "ಬರೋರು ದೊಡ್ಡೋರಮ್ಮಾ. ಏಮನ್ನಾ ಅನುಕೊಂಟಾರು" ಎಂದು ತೆಲುಗು ಬೆರೆಸಿ ನಕ್ಕರು. ಏನಾದರೂ ಅಂದುಕೊಂಡಾರು ಎಂಬ ಭಯ ಅವರಿಗೆ.

ಭಾನುವಾರ ಬೆಳಗ್ಗೆ ಬಾಗಿಲು ತೆಗೆದಾಗ ಘಾಟಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪ ಕಿಟಕಿಗಳನ್ನೆಲ್ಲ ತೆರೆದು, ಗಾಳಿಯಾಡಲಿ ಎಂದು ಬಿಟ್ಟರು. ಮೇಷ್ಟ್ರು ಆಟೋದಲ್ಲಿ ಮಿಷನ್ನು ತಂದವರೇ ಒಂದೊಂದಾಗಿ ಎಲ್ಲ ಮುಚ್ಚಿದರು. ರಸ್ತೆಯ ಧೂಳು! ನಾನು ತೆರೆದೆ. ಅವರು ಮುಚ್ಚಿದರು. "ನಿಮ್ಗೇನು ತಲೆ ಕೆಟ್ಟಿದ್ಯಾ ಸಾರ್, ಒಳಗೆ ನಿಲ್ಲೋಕಾಗ್ತಿಲ್ಲ" ಎಂದು ನಾನು ಕೂಗಿದೆ. "ಮಿಷನ್ ಕೆಟ್ರೆ ನಿಮ್ಮಪ್ಪ ತಂದುಕೊಡ್ತಾರೇನಮ್ಮ?" ಎಂದು ಅವರೂ ಕೂಗಿದರು. ಅಷ್ಟರಲ್ಲಿ ಕಾರು ಬಂತು. ಕಿಟಕಿಗಳು ಮುಚ್ಚಿಯೇ ಉಳಿದವು.

ಅವಳು ಅಮ್ಮಿ, ತಂಗಿಯ ಜೊತೆ ಬಂದಳು. ಹಸಿರು ದುಪಟ್ಟಾ, ಕೈಗೆ ಮೆಹಂದಿ. ಹೊಸ್ತಿಲ ಹತ್ತಿರ ಒಂದು ಉಸಿರು ಎಳೆದುಕೊಂಡು ತಟ್ಟನೆ ನಿಂತಳು. ನನಗೆ ಗೊತ್ತಾಯಿತು. "ಬೇಡ ಕಣೇ, ಮಿಷನ್ನು ಆಚೆ ತರಿಸ್ತೀನಿ" ಎಂದೆ. "ಫೋನಿನ ವೈರು ಅಲ್ಲೀವರೆಗೂ ಬರುತ್ತಾ? ಸುಮ್ನಿರು" ಎಂದಳು. "ದಿನಾ ಹಬೇಲಿ ನಿಲ್ಲೋಳು ನಾನು. ಇದ್ಯಾವ ಲೆಕ್ಕ?" ಎಂದು ಬ್ಲೀಚಿಂಗ್ ನೀರಿಗೆ ಕಾಲಿಟ್ಟು ಒಳಗೆ ಹೋದಳು.

ಶುರು ಮಾಡಿದ್ದು ಚೆನ್ನಾಗಿಯೇ ಇತ್ತು. ಬೆಂಗಳೂರಿನಿಂದ ಬಂದ ಹಿರಿಯರು ಮುಂದೆ ಕೂತಿದ್ದರು, ಹಿಂದೆ ಸಂಘದವರು, ಊರವರು. ಅವಳು ಗೂಡಿನ ದರ ತೋರಿಸಿದಳು. ಕನ್ನಡ ಪದಗಳನ್ನು ಹೇಗೆ ಬರೆದೆ ಎಂದು ಹೇಳುತ್ತಿದ್ದವಳು ವಾಕ್ಯದ ಮಧ್ಯೆ ನಿಲ್ಲಿಸಿದಳು. ಕೆಮ್ಮಲಿಲ್ಲ. ಬಾಯಿ ತೆರೆದಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಎದೆಯಿಂದ ಸಣ್ಣ ಸಿಳ್ಳೆಯಂಥ ಸದ್ದು ಮಾತ್ರ ಬರುತ್ತಿತ್ತು. ನಾನು ಓಡಿ ಹೋಗಿ ತೋಳು ಹಿಡಿದು ಆಚೆ ಎಳೆದುಕೊಂಡು ಬಂದೆ, ಹುಣಿಸೆ ಮರದ ಕೆಳಗೆ ಕೂರಿಸಿದೆ. ಅಮ್ಮಿ ಬೆನ್ನು ಉಜ್ಜುತ್ತಾ, ಸುತ್ತ ನಿಂತವರ ಮುಖವನ್ನೆಲ್ಲ ನೋಡುತ್ತಾ, "ಕುಛ್ ನೈ, ಸರ್ದಿ. ಸರ್ದಿ ಆಗೈತೆ ಅಷ್ಟೇ" ಎನ್ನುತ್ತಿದ್ದರು. ಅವಳು ನನ್ನ ಕೈ ತಳ್ಳಿ, ಒಳಗೆ ಹೋಗು ಎಂದು ಸನ್ನೆ ಮಾಡಿದಳು. ಮುಗಿಸು. ಕಣ್ಣಲ್ಲೇ ಬೈದಳು.

ಹೋದೆ. ಕಿಲೋ ಒತ್ತಿದೆ, ಉತ್ತರ ಬಂತು. ಚಪ್ಪಾಳೆ. ಅಪ್ಪ ಕಣ್ಣೊರೆಸಿಕೊಂಡರು. ಆ ಘಾಟಿಗೋ, ಹೆಮ್ಮೆಗೋ ಗೊತ್ತಿಲ್ಲ. ಹಿರಿಯರು ಎದ್ದು ಬಂದು, "ಬಹಳ ಚೆನ್ನಾಗಿದೆಯಮ್ಮಾ. ಕೇಂದ್ರಕ್ಕೆ ನೀನು ಬರ್ತೀಯಾ?" ಎಂದರು.

"ಇದು ನಾನು ಮಾಡಿದ್ದಲ್ಲ ಸಾರ್. ಆಚೆ ಕೂತಿದ್ದಾಳಲ್ಲ, ಅವಳು ಮಾಡಿದ್ದು. ಕೆಲಸ ಅವಳಿಗೆ ಕೊಡಿ."

ಅವರು ತೆರೆದ ಬಾಗಿಲಿನಿಂದ ಹುಣಿಸೆ ಮರದ ಕಡೆ ನೋಡಿದರು. ಕೆಟ್ಟ ಮನುಷ್ಯರಲ್ಲ, ಅದೇ ನನ್ನ ಹೊಟ್ಟೆ ಉರಿ. ತುಂಬ ಮೆತ್ತಗೆ ಹೇಳಿದರು: "ಪಾಪ, ಬುದ್ಧಿವಂತ ಹುಡುಗಿ. ಆದ್ರೆ ಆರೋಗ್ಯ ಇಲ್ವಲ್ಲಮ್ಮಾ. ಇಂಥ ಮುಚ್ಚಿದ ರೂಮಲ್ಲಿ ಇಡೀ ದಿನ ಕೂರೋ ಕೆಲಸ. ಆಕೆಗೆ ತಡೆಯುತ್ತಾ?"

"ಅವಳು ದಿನಾ ಎಲ್ಲಿ ನಿಲ್ತಾಳೆ ಗೊತ್ತಾ ನಿಮ್ಗೆ? ಬನ್ನಿ ತೋರಿಸ್ತೀನಿ" ಎಂದೆ. ಮೇಷ್ಟ್ರು ನನ್ನನ್ನು ತಡೆದರು. ನಿಮ್ಮ ಕೆಲಸವೂ ಬೇಡ, ಏನೂ ಬೇಡ ಎಂದು ಬಂದುಬಿಟ್ಟೆ. ಮುಂದೆ ಆ ಕೇಂದ್ರ ನಮ್ಮೂರಿಗೆ ಬರಲಿಲ್ಲ, ಬೇರೆ ತಾಲ್ಲೂಕಿಗೆ ಹೋಯಿತು.

ಮಾರನೇ ವಾರ ನೋಡಲು ಹೋದಾಗ ಅವಳು ರಾಟೆಯ ಮುಂದೆ ನಿಂತಿದ್ದಳು. ಹಬೆಯಲ್ಲಿ ಮುಖ ಸರಿಯಾಗಿ ಕಾಣಲಿಲ್ಲ. ಅಬ್ಬಾ ಮಾತು ತಪ್ಪಿದವರಲ್ಲ. ಕೆಲಸ ಸಿಕ್ಕಿದರೆ ಎಂದಿದ್ದರು, ಸಿಕ್ಕಲಿಲ್ಲ. ನಾನು ಬೇಡವೆಂದದ್ದನ್ನು ಹೆಮ್ಮೆಯಿಂದ ಹೇಳಿಕೊಂಡೆ. ಅವಳು ಎಳೆ ಹುಡುಕುತ್ತಲೇ, "ಹುಚ್ಚಿ ಕಣೇ ನೀನು. ನೀನಾದ್ರೂ ಹೋಗಿದ್ರೆ ನಿನ್ನ ಪಕ್ಕ ಒಂದು ಸ್ಟೂಲ್ ಹಾಕ್ಕೊಂಡು ಕೂರ್ತಿದ್ದೆ" ಎಂದಳು. ನನಗೆ ಅದು ಹೊಳೆದೇ ಇರಲಿಲ್ಲ. ಎದ್ದು ಬಂದೆ.

ಆ ಚಳಿಗಾಲ ಅವಳು ಉಳಿಯಲಿಲ್ಲ. ಮೋಡ ಕವಿದ ಒಂದು ಬೆಳಗ್ಗೆ, ಒಲೆಗಳ ಹೊಗೆ ಮೇಲಕ್ಕೇಳದೆ ಬೀದಿಯಲ್ಲೇ ಕೂತಿದ್ದಾಗ, ರಾಟೆಯ ಹತ್ತಿರವೇ ಕುಸಿದಳಂತೆ. ಆಸ್ಪತ್ರೆ ಮುಟ್ಟುವ ಮುಂಚೆಯೇ ಎಲ್ಲ ಮುಗಿದಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಬೀದಿ ಪೂರ್ತಿ ಒಂದೇ ಮಾತು: ಹುಡುಗಿ ಚೆನ್ನಾಗಿಯೇ ಇದ್ದಳು, ಆ ಕಂಪ್ಯೂಟರ್ ಮುಂದೆ ಕೂತಾಗಲೇ ಅಲ್ಲವಾ ಉಸಿರು ಕಟ್ಟಿದ್ದು, ಎಲ್ಲರ ಕಣ್ಣೆದುರೇ? ಹೌದು, ಎಲ್ಲರ ಕಣ್ಣೆದುರೇ. ಅದಕ್ಕೆ ಮುಂಚೆ ಕಟ್ಟಿದ್ದನ್ನು ನೋಡಿದವಳು ನಾನೊಬ್ಬಳೇ. ಆ ಬೀದಿಯಿಂದ ಆಮೇಲೆ ಒಬ್ಬ ಹುಡುಗಿಯೂ ಕ್ಲಾಸಿಗೆ ಬರಲಿಲ್ಲ. ಸಂಘವೂ ನಿಂತುಹೋಯಿತು. ಗೌರಿಬಿದನೂರಿನವರು ಒಂದು ಭಾನುವಾರ ಬಂದು, ಬೀಗ ಹಾಕಿದ ಬಾಗಿಲು ನೋಡಿಕೊಂಡು, ಬೇಕರಿಯಲ್ಲಿ ಟೀ ಕುಡಿದು ಹೋದರಂತೆ. ಅವಳ ಪುಟ ಮಾತ್ರ ವೆಬ್ಬಿನಲ್ಲಿ ಇನ್ನೂ ಇತ್ತು, ಹಳೆಯದೊಂದು ದಿನದ ದರ ತೋರಿಸುತ್ತಾ.

ವರ್ಷ ಕಳೆದ ಮೇಲೆ ಗಟ್ಟಿ ಮನಸ್ಸು ಮಾಡಿ ಅವರ ಮನೆಗೆ ಹೋದೆ. ತಂಗಿಯನ್ನಾದರೂ ನನ್ನ ಜೊತೆ ಕಳಿಸಿ ಎಂದು ಅಮ್ಮಿಯನ್ನು ಕೇಳಿದೆ. ಅವತ್ತು ಬಡಿದದ್ದು ಫಾರ್ಮಲಿನ್ ಘಾಟು, ಕಂಪ್ಯೂಟರ್ ಅಲ್ಲ, ಅವಳನ್ನು ತಿಂದದ್ದು ಈ ಹಬೆ ಎಂದೆ. ಚಿಕ್ಕಬಳ್ಳಾಪುರದ ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಇನ್ನು ಯಾರಿಗಾಗಿ ಗುಟ್ಟು?

ಅಮ್ಮಿ ಸಿಟ್ಟಾಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡರು. "ಹಬೇಲೇ ನಾನು ಹುಟ್ಟಿದ್ದು, ಹಬೇಲೇ ನಮ್ಮಮ್ಮಿ ಹುಟ್ಟಿದ್ದು. ಹಬೆ ಏನು ಮಾಡ್ತದೆ? ಒಬ್ಬಳಿಗೆ ಕಂಪ್ಯೂಟರ್‌ಗೆ ಕೊಟ್ಟೆ. ಬಸ್, ಸಾಕಮ್ಮಾ. ಇವಳು ನಮ್ಮ ಕಣ್ಮುಂದೆ ಇರ್ಲಿ."

ಬೀಳ್ಕೊಡಲು ತಂಗಿ ಬಾಗಿಲವರೆಗೂ ಬಂದಳು. ಅಕ್ಕ ನಿಲ್ಲುತ್ತಿದ್ದ ರಾಟೆಗೆ ಈಗ ಅವಳೇ ನಿಲ್ಲುತ್ತಿದ್ದಳು. ಒದ್ದೆ ಕೈಯನ್ನು ಹಸಿರು ದುಪಟ್ಟಾಕ್ಕೆ ಒರೆಸಿಕೊಂಡಳು, ಬೆರಳ ತುದಿಗಳು ಬಿಳಿಚಿದ್ದವು. ಏನೋ ಹೇಳಲು ಬಾಯಿ ತೆರೆದವಳಿಗೆ ಕೆಮ್ಮು ಬಂತು. ಮುಖ ಆಚೆ ತಿರುಗಿಸಿಕೊಂಡು ಗೋಡೆ ಹಿಡಿದು ನಿಂತಳು. ನಾನು ಕೇಳುವ ಮೊದಲೇ ಅಂದಳು:

"ಸರ್ದಿ ಅಕ್ಕಾ. ಅಷ್ಟೇ."